ಗೇಮ್ ಅಂಗಡಿ ಅಕ್ಕೋರು

ಒಂದು ಕೋಣೆಯಲ್ಲಿ ಐದು ಕಂಪ್ಯೂಟರ್ ಇಟ್ಟು, ಬಾಗಿಲಿಗೆ 'ವಿಡಿಯೋ ಗೇಮ್' ಅಂತ ಬೋರ್ಡ್ ತಗುಲಿಸಿ ನೋಡಿ. ನಗು ಹುಡುಕಿಕೊಂಡು ನೀವು ಎಲ್ಲಿಗೂ ಹೋಗಬೇಕಾಗಿಲ್ಲ, ಅದು ತಾನಾಗಿಯೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಬೀದರಿನಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಗಲ್ಲಿಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಾನು ಇಂಥ ಅಂಗಡಿ ಏಳು ವರ್ಷ ನಡೆಸಿದೆ. ಮೊದಲು ಅದು ಟೈಪಿಂಗ್ ಕ್ಲಾಸ್ ಆಗಿತ್ತು. ಕಲಿಯುವವರು ಖಾಲಿಯಾದರು, ಕಂಪ್ಯೂಟರ್ ಉಳಿದವು. ಹೀಗಾಗಿ 'ಟೈಪಿಂಗ್ ಮೇಡಂ' ಆಗಿದ್ದ ನಾನು 'ಗೇಮ್ ಅಂಗಡಿ ಅಕ್ಕೋರು' ಆದೆ.

ಆ ಏಳರಲ್ಲಿ ಮೂರು ವರ್ಷ ಮಳೆ ಕೈಕೊಟ್ಟಿತು. ಊರಿಗೆ ಟ್ಯಾಂಕರ್ ನೀರು. ಹಳ್ಳಿ ಮಂದಿ ಗಂಟು ಕಟ್ಟಿಕೊಂಡು ಪುಣೆ, ಹೈದರಾಬಾದ್ ಬಸ್ಸಿಗೆ ಕಾಯುತ್ತಿದ್ದರು. ನಗುವಂಥ ದಿನಗಳಾಗಿರಲಿಲ್ಲ. ಆದರೂ ಖರೇ ಹೇಳಬೇಕೆಂದರೆ, ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆಲ್ಲಾ ಆಗಲೇ.

ಸಿಮೆಂಟ್ ಲಾರಿ

ನಮ್ಮ ಗಲ್ಲಿಗೆ ಟ್ಯಾಂಕರ್ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಯಾವ ಹೊತ್ತಿಗೆ ಅಂತ ಯಾರಿಗೂ ಗೊತ್ತಿಲ್ಲ. ಡ್ರೈವರ್ ಗಲ್ಲಿಯ ತುದಿಯಲ್ಲಿ ನಿಲ್ಲಿಸಿ ಉದ್ದಕ್ಕೆ ಮೂರು ಸಲ ಹಾರ್ನ್ ಹೊಡೆಯುತ್ತಿದ್ದ. ಹೆಂಗಸರು ಒಲೆ ಮೇಲಿನ ರೊಟ್ಟಿ ಹಾಗೇ ಬಿಟ್ಟು ಕೊಡ ಹಿಡಿದು ಓಡುತ್ತಿದ್ದರು.

ಡಿಗ್ರಿ ಓದುವ ಗಿರಾಕಿಯೊಬ್ಬ ದಿನಾ ಮಧ್ಯಾಹ್ನ ಬಂದು ಲಾರಿ ಓಡಿಸುವ ಗೇಮ್ ಆಡುತ್ತಿದ್ದ. ಆಗಷ್ಟೇ ನಮ್ಮ ಮನೆಯವರು ದೊಡ್ಡ ಸ್ಪೀಕರ್ ತಂದು ಜೋಡಿಸಿದ್ದರು. ಒಂದು ದಿನ ಅವನು ಗೇಮಿನ ಘಾಟಿನ ತಿರುವಿನಲ್ಲಿ ಮೂರು ಸಲ ಹಾರ್ನ್ ಹೊಡೆದ. ಎರಡೇ ನಿಮಿಷದಲ್ಲಿ ಹೊರಗೆ ಇಪ್ಪತ್ತು ಮೂವತ್ತು ಕೊಡ ಸಾಲಾಗಿ ನಿಂತವು. ಯಾರ ಕೊಡ ಮುಂದೆ ಅಂತ ಜಗಳವೂ ಶುರುವಾಯಿತು. ಅರ್ಧ ತಾಸು ಜಗಳ ಆದ ಮೇಲೆ ಟ್ಯಾಂಕರೇ ಬಂದಿಲ್ಲ ಅಂತ ಯಾರಿಗೋ ಹೊಳೆಯಿತು.

ಎದುರು ಮನೆಯ ಖಾಲಾ ನೇರ ನನ್ನ ಅಂಗಡಿಗೆ ಬಂದು ಪರದೆಯೊಳಗಿನ ಲಾರಿ ನೋಡಿದರು.

"ಇದರಾಗ ನೀರದೇನು?"

"ಇಲ್ರಿ ಖಾಲಾ, ಸಿಮೆಂಟ್ ಅದ," ಅಂದ ಹುಡುಗ.

"ಹಂಗಾರ ಹಾರ್ನ್ ಯಾಕ ಹೊಡಿತೀ? ಸಿಮೆಂಟಿಗಿ ಯಾರು ಕೊಡ ಹಿಡಕೊಂಡು ನಿಂತಾರ?"

ಇನ್ನು ಮುಂದೆ ಹಾರ್ನ್ ಇಲ್ಲ ಅಂತ ಅವನಿಂದ ಮಾತು ತಗೊಂಡೆ. ಎರಡನೇ ದಿನ ಮರೆತು ಮತ್ತೆ ಹೊಡೆದ. ಹೆಂಗಸರು ಮತ್ತೆ ಓಡಿಬಂದು, ಅವನಿಗೂ ನನಗೂ ಬೈದು ಹೋದರು.

ಮೂರನೇ ದಿನ ಹಾರ್ನ್ ಕೇಳಿಸಿದಾಗ ಖಾಲಾ ಹೊಸ್ತಿಲ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಎದ್ದು ನಿಂತಿದ್ದ ಪಕ್ಕದ ಮನೆಯವಳಿಗೆ, "ಕೂಡು ಕೂಡು, ಸಿಮೆಂಟ್ ಬಂದದ," ಅಂದರು. ಯಾರೂ ಕದಲಲಿಲ್ಲ. ಹಾರ್ನ್ ಮತ್ತೆ ಮತ್ತೆ ಆಯಿತು. ನಾನು ಹುಡುಗನ ಕಡೆ ನೋಡಿದೆ. ಅವನು ಎರಡೂ ಕೈ ಮೇಲೆತ್ತಿ, "ಅಕ್ಕೋರ, ನಾ ಅಲ್ರಿ!" ಅಂದ.

ಅಷ್ಟರಲ್ಲಿ ಟ್ಯಾಂಕರ್ ಡ್ರೈವರ್ ಬೆವರು ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದ. ಅವನ ಮುಖದಲ್ಲಿ ನಿಜವಾದ ದುಃಖ ಇತ್ತು.

"ಅಕ್ಕೋರ, ಗಲ್ಲಿ ಮಂದಿ ಎಲ್ಲಾ ಪುಣೆಕ್ಕ ಹೋಗಿಬಿಟ್ರೇನ್ರಿ?"

ಅತ್ತೆಯ ರೇಸು

ಇದು ಸಣ್ಣದು. ನಮ್ಮ ಅತ್ತೆಗೆ ಎಪ್ಪತ್ತು ದಾಟಿತ್ತು. ದಿನಾ ಬೆಳಿಗ್ಗೆ ಬುದ್ಧನ ಫೋಟೋಕ್ಕೆ ಹೂ ಏರಿಸಿ, ಅಂಗಡಿಯಲ್ಲಿ ನನ್ನ ಪಕ್ಕ ಬಂದು ಕೂಡುವರು. ಒಂದು ದಿನ ಗಿರಾಕಿ ಇರಲಿಲ್ಲ. "ನನಗೂ ಒಂದು ಕಾರ್ ಕೊಡು," ಅಂದರು. ರೇಸಿನ ಗೇಮ್ ಹಾಕಿಕೊಟ್ಟೆ.

ಬಾವುಟ ಬೀಸಿದ ತಕ್ಷಣ ಏಳು ಕಾರು ಹಾರಿದವು. ಅತ್ತೆ ಎಡಕ್ಕೆ ಸರಿದು ಎಲ್ಲರಿಗೂ ದಾರಿ ಬಿಟ್ಟರು. ತಿರುವು ಬಂದರೆ ನಿಲ್ಲಿಸುವರು, ಆ ಕಡೆ ಈ ಕಡೆ ನೋಡುವರು, ಆಮೇಲೆ ಹೋಗುವರು. ಹಿಂದಿನಿಂದ ಒಂದು ಕಾರು ಗುದ್ದುವಂತೆ ಬಂದರೆ, "ಹೋಗಪ್ಪಾ ಹೋಗು, ನಿನಗ ಏನ್ ಅವಸರ ಅದನೋ," ಅಂತ ಜಾಗ ಕೊಡುವರು. ದಾರಿಯುದ್ದಕ್ಕೂ ಬೇರೆ ಕಾರು ಪಲ್ಟಿಯಾಗಿ, ಹೊಗೆ ಕಾರುತ್ತಾ ಬಿದ್ದಿದ್ದವು. ಒಂದೊಂದನ್ನೂ ನೋಡಿ ಅತ್ತೆ ಚ್ ಚ್ ಅಂದರು.

ಕೊನೆಗೆ ಗುರಿ ಮುಟ್ಟಿದರು. ಪರದೆಯ ಮೇಲೆ ದೊಡ್ಡದಾಗಿ ಸೋಲು ಅಂತ ಬಂತು.

"ಅತ್ತಿ, ಸೋತ್ರಿ ನೀವು," ಅಂದೆ.

ಅತ್ತೆ ತಮ್ಮ ಕಾರನ್ನೇ ತೋರಿಸಿದರು. ಒಂದು ಗೀರು ಇರಲಿಲ್ಲ.

"ನಾ ಹ್ಯಾಂಗ ಸೋತೆ? ಅವ್ರ ಗಾಡಿ ನಾಳಿಗಿ ಓಡ್ತಾವೇನು?"

ಇಬ್ಬರು ಸತ್ತರು

ನಮ್ಮ ಮೇಲಿನ ಮನೆಗೆ ನಿವೃತ್ತ ಗುಮಾಸ್ತರೊಬ್ಬರು ಬಾಡಿಗೆಗೆ ಬಂದರು. ಶಾಂತ ಮನುಷ್ಯರು. ಕೆಳಗೆ ಗೇಮ್ ಅಂಗಡಿ ಇದೆ ಅಂತ ಗೊತ್ತಿತ್ತು, ಅದರಲ್ಲಿ ಏನು ಆಡುತ್ತಾರೆ ಅಂತ ಗೊತ್ತಿರಲಿಲ್ಲ.

ಬಂದ ಮೂರನೇ ದಿನ ಮಧ್ಯಾಹ್ನ ಅವರು ಮೆಟ್ಟಿಲು ಇಳಿಯುವಾಗ ಒಳಗಿಂದ ಒಬ್ಬನ ದನಿ ಕೇಳಿಸಿತಂತೆ: "ಒಬ್ಬಗ ಮುಗಿಸೀನಿ. ಇನ್ನೊಬ್ಬ ನೀರಿನ ಟಾಕಿ ಹಿಂದ ಅಡಗ್ಯಾನ. ನೀ ಹಿಂದಿನ ಬಾಗಿಲಿಂದ ಬಾ, ಜಲ್ದಿ!" ಅವರು ತಿರುಗಿ ಮೇಲೆ ಹತ್ತಿ, ಕದ ಹಾಕಿಕೊಂಡು, ಪೊಲೀಸರಿಗೆ ಫೋನ್ ಮಾಡಿದರು.

ಹವಾಲ್ದಾರರು ಬಂದರು. ಮೀಸೆ ದೊಡ್ಡದು, ಉಸಿರು ಅದಕ್ಕಿಂತ ದೊಡ್ಡದು. ಬಂದವರೇ ಹಿತ್ತಲಿಗೆ ಹೋಗಿ ಟಾಕಿ ಸುತ್ತ ಎರಡು ಸಲ ತಿರುಗಿದರು. ಟಾಕಿಯಲ್ಲಿ ನೀರೂ ಇರಲಿಲ್ಲ, ಹಿಂದೆ ಮನುಷ್ಯರೂ ಇರಲಿಲ್ಲ.

"ಹೆಣ ಎಲ್ಲಿ ಅದ್ರಿ?" ಅಂತ ನನ್ನನ್ನೇ ಕೇಳಿದರು.

ನಾನು ಗಿರಾಕಿಯ ಕಂಪ್ಯೂಟರ್ ತೋರಿಸಿದೆ. ಪರದೆಯಲ್ಲಿ ಒಬ್ಬ ಅಂಗಾತ ಬಿದ್ದಿದ್ದ. ಹವಾಲ್ದಾರರು ಕುರ್ಚಿ ಎಳೆದುಕೊಂಡು ಕೂತರು. ಮೊದಲು ಪ್ರಶ್ನೆ ಕೇಳಿದರು, ಆಮೇಲೆ ಸಲಹೆ ಕೊಟ್ಟರು.

"ಬಂದೂಕ ಹಂಗ ಹಿಡೀಬಾರ್ದು. ನನಗ ಕೊಡು ಇಲ್ಲಿ, ಡಿಪಾರ್ಟ್‌ಮೆಂಟಿನಾಗ ಇಪ್ಪತ್ತು ವರ್ಷ ಆಗ್ಯಾದ ನಂದು."

ಗಿರಾಕಿ ಮರ್ಯಾದೆಯಿಂದ ಎದ್ದು ಜಾಗ ಬಿಟ್ಟ. ಹವಾಲ್ದಾರರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ನಾಲ್ಕು ಹೆಜ್ಜೆ ಮುಂದೆ ಹೋದರು. ಎಲ್ಲಿಂದಲೋ ಟಪ್ ಅಂತು. ಪರದೆ ಕೆಂಪಗಾಯಿತು.

"ಯಾರಲೇ ಅಂವ! ಹಿಂದಿನಿಂದ ಹೊಡಿತಾನ! ಹೆಸರು ಹೇಳು ಅವಂದು, ಒಳಗ ಹಾಕ್ತೇನಿ!"

ಅದೇ ಹೊತ್ತಿಗೆ ಅವರ ಫೋನ್ ರಿಂಗಾಯಿತು. ಠಾಣೆಯಿಂದ ಸಾಹೇಬರು. ಅವರ ದನಿ ನಮಗೂ ಕೇಳುತ್ತಿತ್ತು: "ಏನಾಯ್ತಲ್ಲಿ? ಎಷ್ಟು ಮಂದಿ ಸತ್ತಾರ?"

ಹವಾಲ್ದಾರರು ಎದ್ದು ನಿಂತರು. ಆದರೆ ಕಣ್ಣು ಇನ್ನೂ ಪರದೆಯ ಮೇಲೇ ಇತ್ತು.

"ಇಬ್ರು ಸತ್ತಾರ್ರಿ ಸಾಹೇಬ್ರ. ಅದರಾಗ ಒಬ್ಬ ನಾನೇ ಇದ್ದೀನ್ರಿ."

ಚಿಂತಾಕಿಯ ಕಾಕಾ

ಔರಾದ್ ಕಡೆಯ ಬಸ್ಸಿಗೆ ಕಾಯುವವರು ಬಿಸಿಲು ತಾಳದೆ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. ಹಾಗೆ ಬಂದವರು ಚಿಂತಾಕಿ ಹಳ್ಳಿಯ ಒಬ್ಬ ಕಾಕಾ. ಬಿಳಿ ಟೊಪ್ಪಿಗೆ, ಕೈಯಲ್ಲಿ ದವಾಖಾನೆಯ ಚೀಟಿ. ನಾನು ಒಳಗೆ ಕರೆದು ಫ್ಯಾನಿನ ಕೆಳಗೆ ಕೂಡಿಸಿದೆ.

ಅಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಒಕ್ಕಲುತನದ ಗೇಮ್ ಆಡುತ್ತಿದ್ದಳು. ಅಪ್ಪ ಬ್ಯಾಂಕಿನಲ್ಲಿ, ಅವಳು ಹೊಲ ನೋಡಿದ್ದು ಬಸ್ಸಿನ ಕಿಟಕಿಯಿಂದ ಅಷ್ಟೇ. ಕಾಕಾ ನಿಧಾನಕ್ಕೆ ಕುರ್ಚಿ ಹತ್ತಿರ ಸರಿಸಿದರು.

"ಏನ್ ಬಿತ್ತೀಯವ್ವಾ?"

"ಗೋಧಿ ರಿ ಕಾಕಾ."

"ನೀರು?"

"ತಾನೇ ಮಳಿ ಬರ್ತದ್ರಿ."

ಅವಳು ಹೇಳಿ ಮುಗಿಸುವುದರೊಳಗೆ ಪರದೆ ತುಂಬಾ ಮಳೆ ಸುರಿಯಿತು. ಕಾಕಾ ಚೀಟಿ ಮಡಚಿ ಕಿಸೆಗೆ ಹಾಕಿ, ಆ ಮಳೆಯನ್ನೇ ನೋಡಿದರು. ನನಗೂ ಒಂದು ಥರ ಆಯಿತು, ಗೇಮ್ ಬದಲಿಸು ಅಂತ ಹೇಳಲೇ ಅಂದುಕೊಂಡೆ. ಅಷ್ಟರಲ್ಲಿ ಅವರೇ ಕೇಳಿದರು: "ಇದು ಯಾವ ತಾಲೂಕಾ ಅದ? ಔರಾದಿಗಿ ವರ್ಗಾ ಮಾಡ್ಲಿಕ್ಕಿ ಬರ್ತದೇನು ನೋಡು." ಹೇಳಿ ತಾವೇ ಗೊಳ್ಳೆಂದು ನಕ್ಕರು.

ಆಮೇಲೆ ಹೊಲ ಅವರದಾಯಿತು. "ಇಷ್ಟು ಒತ್ತಾಗಿ ಬಿತ್ತಿದ್ರ ಗಾಳಿ ಎಲ್ಲಿ ಆಡ್ತದ? ಕಳಿ ಯಾರು ತೆಗೀತಾರ, ನಿಮ್ಮಪ್ಪನ?" ಎರಡು ಬಸ್ ಹೋದವು. ಮೂರನೆಯದಕ್ಕೆ ಏಳುವಾಗ ಅವರ ಕಣ್ಣು ಮೂಲೆಯಲ್ಲಿದ್ದ ಎಮ್ಮೆಯ ಮೇಲೆ ಬಿತ್ತು.

"ತಾಸಿನಿಂದ ನೋಡ್ಲತೇನಿ, ಅದು ಸೆಗಣಿನೇ ಹಾಕಿಲ್ಲ. ಆರಾಮಿಲ್ಲ ಅದಕ್ಕ. ಡಾಕ್ಟರಿಗಿ ತೋರ್ಸು ತಾಯಿ."

ಹೋಗುವಾಗ ನನ್ನ ನಂಬರ್ ಬರೆಸಿಕೊಂಡರು. ವಾರಕ್ಕೊಮ್ಮೆ ಫೋನ್ ಬರತೊಡಗಿತು: ಗೋಧಿ ಎಷ್ಟು ಬೆಳೆದದ, ಬೇಲಿ ಹಾಕಿದಳೋ ಇಲ್ಲೋ. ಹುಡುಗಿ ಅವರ ಮಾತಿನಂತೆ ಮಾಡಿ, ಗೆಳತಿಯರೆಲ್ಲರ ಹೊಲಕ್ಕಿಂತ ಮುಂದೆ ಹೋದಳು.

ಮುಂದಿನ ಮಿರಗದಲ್ಲಿ, ಅಂದರೆ ಮೃಗಶಿರಾ ಮಳೆಯ ಹೊತ್ತಿಗೆ, ಒಂದು ಮಧ್ಯಾಹ್ನ ಫೋನ್ ಬಂತು. ಏನೂ ಕೇಳುತ್ತಿಲ್ಲ, ಬರೀ ಧೋ ಅನ್ನುವ ಸದ್ದು. ಅದರ ನಡುವೆ ಕಾಕಾ ಕೂಗುತ್ತಿದ್ದರು: "ಅಕ್ಕೋರ, ತಗಡಿನ ಮ್ಯಾಲಿಂದು ಕೇಳ್ರಿ! ಮಳಿ!" ನಾನು ಸ್ಪೀಕರ್ ಹಾಕಿದೆ. ಆಡುತ್ತಿದ್ದವರೆಲ್ಲಾ ಕೈ ಬಿಟ್ಟು, ಚಿಂತಾಕಿಯ ತಗಡಿನ ಮೇಲೆ ಬೀಳುವ ಮಳೆ ಕೇಳುತ್ತಾ ಕೂತರು.

"ಕಾಕಾ, ನನ್ನ ಗೋಧಿ ಕೊಯ್ಲಿಕ್ಕಿ ಬಂದದ್ರಿ, ಏನ್ ಮಾಡ್ಲಿ?" ಅಂತ ಹುಡುಗಿ ಕೂಗಿದಳು.

"ನೀನೇ ನೋಡ್ಕೋ ತಾಯಿ, ಈಗ ನಂದೇ ಹೊಲ ಕರೀಲತದ!" ಅಂದರು. ಇಟ್ಟೇಬಿಟ್ಟರು ಅಂದುಕೊಂಡೆ. ಇಟ್ಟಿರಲಿಲ್ಲ.

"ಅಂದಂಗ, ಆ ಎಮ್ಮಿಗಿ ಹೊಟ್ಟಿ ಹಗುರಾಯ್ತೇನು?"

ಭಾಲ್ಕಿಗೆ ಹೋದ ರೋಬೋಟ್

ಇದು ಆ ಮಳೆಗಿಂತ ಮೊದಲಿನದು, ಬಿರು ಬೇಸಿಗೆ ಶುರುವಾಗುವ ಹೊತ್ತಿನದು. ಗಲ್ಲಿಯಲ್ಲಿ ನಾಲ್ಕು ಮನೆಗೆ ಬೀಗ ಬಿದ್ದಿತ್ತು, ಅಂಗಡಿ ಮುಚ್ಚುವ ಮಾತು ನಮ್ಮ ಮನೆಯಲ್ಲಿ ಎದ್ದಿತ್ತು. ಅಷ್ಟರಲ್ಲಿ ಭಾಲ್ಕಿಯ ಒಂದು ಶಾಲೆಯ ಹೆಡ್‌ಮಾಸ್ತರರು ಫೋನ್ ಮಾಡಿದರು. ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಗೇಮ್ ಪಂದ್ಯ ಇಡಬೇಕು, ಜೊತೆಗೆ ಒಂದು ರೋಬೋಟ್ ವೇಷ ಬೇಕು. ಚೆನ್ನಾಗಿ ಆದರೆ ಬೇರೆ ಶಾಲೆಗಳಿಗೂ ಹೇಳುತ್ತೇವೆ ಅಂದರು. ಭಾಲ್ಕಿ ನನ್ನ ತವರೂರು. ಅಲ್ಲಿ ಮಾನ ಕಳೆದುಕೊಳ್ಳುವ ಹಾಗಿರಲಿಲ್ಲ.

ನಮ್ಮ ಮನೆಯವರು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವವರು, ಕೈ ಚಾಲಾಕು. ವಾಷಿಂಗ್ ಮಷಿನ್ ಬಂದಿದ್ದ ರಟ್ಟಿನ ಡಬ್ಬಿಗೆ ಬೆಳ್ಳಿ ಬಣ್ಣ ಹೊಡೆದರು. ಎದೆಗೆ ಒಂದು ಕೆಂಪು, ಒಂದು ಹಸಿರು ದೀಪ. ನೋಡಲಿಕ್ಕೆ ಒಂದು ಸೀಳು. ಕೈಗೆ ಕೂಲರಿನ ಪೈಪು. ವೇಷ ಹಾಕಿಕೊಳ್ಳಬೇಕಾಗಿದ್ದ ಗಲ್ಲಿಯ ಹುಡುಗ ಹಿಂದಿನ ದಿನವೇ ಅಪ್ಪನ ಜೊತೆ ಹೈದರಾಬಾದಿಗೆ ದುಡಿಯಲು ಹೋಗಿಬಿಟ್ಟ. ಉಳಿದವರು ನಮ್ಮ ಮನೆಯವರೇ. ನಾಲ್ಕು ಜನರ ಮುಂದೆ ಕೆಮ್ಮಲಿಕ್ಕೂ ನಾಚುವ ಮನುಷ್ಯ.

"ಒಳಗ ಮುಖ ಕಾಣಂಗಿಲ್ಲ ಹೌದಿಲ್ಲೋ?" ಅಂತ ಮೂರು ಸಲ ಕೇಳಿ ಒಪ್ಪಿದರು.

ಟೆಂಪೋದಲ್ಲಿ ಕಂಪ್ಯೂಟರ್ ತುಂಬಿ ನಾನು ಮುಂದೆ ಹೋದೆ. ರೋಬೋಟಿಗೆ ಅದರಲ್ಲಿ ಜಾಗ ಇರಲಿಲ್ಲ, ಅವರು ಬಸ್ಸಿಗೆ ಬರಬೇಕಾಯಿತು. ಕಂಡಕ್ಟರ್ ಡಬ್ಬಿ ನೋಡಿ, "ಲಗೇಜ್ ಟಿಕೆಟ್ ತಗೋರಿ," ಅಂದನಂತೆ.

"ಇದು ನಾ ಹಾಕ್ಕೊಳ್ಳಾದು ಅದ್ರಿ."

"ಹಾಕ್ಕೊಂಡ್ರ ಅಂಗಿ, ಕೈಯಾಗ ಹಿಡದ್ರ ಲಗೇಜ್."

ಇವರು ಅಲ್ಲೇ ಹಾಕಿಕೊಂಡರು. ಹಿಂದಿನ ದಾರ ಕಂಡಕ್ಟರನೇ ಬಿಗಿದು ಕಟ್ಟಿದ. ಭಾಲ್ಕಿಯಲ್ಲಿ ಇಳಿದ ಮೇಲೆ ಬಿಚ್ಚಲಿಕ್ಕೆ ಕೈ ಹಿಂದೆ ಹೋಗಲಿಲ್ಲ. ನಾನು ಬರುವವರೆಗೆ ಅಂತ ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿ ನೆರಳಿನಲ್ಲಿ ನಿಂತರು.

ಆ ವರ್ಷ ನಮ್ಮ ಕಡೆ ನಾಣ್ಯ ಹಾಕಿದರೆ ಕುಡಿಯುವ ನೀರು ಬಿಡುವ ಮಷಿನ್ ಹೊಸದಾಗಿ ಬಂದಿದ್ದವು. ಬೆಳ್ಳಿ ಬಣ್ಣದ ಪೆಟ್ಟಿಗೆ, ಎರಡು ದೀಪ, ಒಂದು ಸೀಳು, ಒಂದು ಪೈಪು.

ಕಂಪ್ಯೂಟರ್ ಶಾಲೆಯಲ್ಲಿ ಇಳಿಸಿ, ಇವರನ್ನು ಕರೆದೊಯ್ಯಲು ಬಂದ ನಾನು ಆಟೋದಿಂದ ಇಳಿದಾಗ ನನ್ನ ಗಂಡನ ಮುಂದೆ ಎಂಟು ಮಂದಿ ಕ್ಯಾನ್ ಹಿಡಿದು ಪಾಳಿ ಹಚ್ಚಿದ್ದರು. ಎಲ್ಲರಿಗಿಂತ ಮುಂದೆ ನಿಂತಿದ್ದ ಮುದುಕಿ ಸೀಳಿನಲ್ಲಿ ನಾಣ್ಯ ಹಾಕಿ, ಪೈಪನ್ನು ಎಳೆದು ಕ್ಯಾನಿಗೆ ಇಟ್ಟುಕೊಂಡು ಕಾಯುತ್ತಿದ್ದಳು. ನೀರು ಬರಲಿಲ್ಲ. ಇನ್ನೊಂದು ನಾಣ್ಯ ಹಾಕಿದಳು. ಆಗಲೂ ಬರಲಿಲ್ಲ. ಸೆರಗು ಬಿಗಿದು ಪೆಟ್ಟಿಗೆಯ ಪಕ್ಕೆಗೆ ಎರಡು ಏಟು ಕೊಟ್ಟಳು.

"ಅವ್ವಾ, ಹೊಡೀಬ್ಯಾಡ್ರಿ!" ಅಂತು ಪೆಟ್ಟಿಗೆ.

ಪಾಳಿ ಮೂರು ಹೆಜ್ಜೆ ಹಿಂದೆ ಸರಿಯಿತು. ಮುದುಕಿ ಮಾತ್ರ ಸರಿಯಲಿಲ್ಲ. ಸೀಳಿಗೆ ಬಾಯಿ ಹಚ್ಚಿ ಕೇಳಿದಳು: "ಇಷ್ಟು ಛಂದ ಮಾತಾಡ್ತೀ, ನೀರ್ ಯಾಕ ಬಿಡವಲ್ಲಿ?"

ನಾನು ಓಡಿಹೋಗಿ ಕೈ ಮುಗಿದೆ. ಇವರು ನಮ್ಮ ಮನೆಯವರು, ಮಷಿನ್ ಅಲ್ಲ ಅಂತ ತಿಳಿಸಿ ಹೇಳಿದೆ. ದಾರದ ಗಂಟು ನನ್ನಿಂದಲೂ ಬಿಚ್ಚಲಾಗಲಿಲ್ಲ, ನಾಣ್ಯ ಇವರ ಬನಿಯನ್ನಿನೊಳಗೆ ಎಲ್ಲೋ ಇಳಿದಿದ್ದವು.

"ನಾ ಮೆಹಕರದಿಂದ ಬಂದೀನಿ. ಕ್ಯಾನ್ ಖಾಲಿ ಒಯ್ಯಂಗಿಲ್ಲ. ಎಲ್ಲಿ ಬಿಚ್ತಾನೋ ಅಲ್ಲೀತನ ಬರ್ತೇನಿ," ಅಂದಳು ಮುದುಕಿ. ಅವಳು ಹೊರಟದ್ದು ನೋಡಿ ಉಳಿದ ಏಳು ಮಂದಿಯೂ ಹೊರಟರು. ಮುಂದೆ ರೋಬೋಟ್, ಹೆಜ್ಜೆಗೊಮ್ಮೆ ಝಣ್ ಝಣ್ ಸದ್ದು, ಹಿಂದೆ ಎಂಟು ಕ್ಯಾನ್. ನಮ್ಮ ಚಿಕ್ಕಪ್ಪನ ಮನೆ ಮುಂದೆಯೇ ದಾರಿ. ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ಅಳಿಯಂದ್ರು ಬರ್ಲಿಲ್ಲೇನವ್ವಾ?" ಅಂತ ಕೇಳಿದರು. ಪೆಟ್ಟಿಗೆಯೇ, "ಬಂದೀನ್ರಿ ಅತ್ತಿ," ಅಂತು.

ಶಾಲೆಯ ಮಕ್ಕಳು ಕೇಕೆ ಹಾಕಿ ಕುಣಿದರು. ಹೆಡ್‌ಮಾಸ್ತರರು ಹಿಂದಿನ ಮೆರವಣಿಗೆ ನೋಡಿ, "ನಾ ಒಂದೇ ರೋಬೋಟ್ ಕೇಳಿದ್ದೆ, ಇವ್ರೆಲ್ಲಾ ಯಾರ್ರಿ?" ಅಂದರು. ವಿಷಯ ಕೇಳಿ ಹತ್ತು ನಿಮಿಷ ನಕ್ಕು, ಶಾಲೆಯ ಬೋರಿನ ನಲ್ಲಿ ಬಿಡಿಸಿದರು. ಎಂಟೂ ಕ್ಯಾನ್ ತುಂಬಿದವು. ಗೇಮ್ ಪಂದ್ಯವೂ ಛಲೋ ಆಯಿತು, ಎರಡೇ ವಾರದಲ್ಲಿ ಇನ್ನೆರಡು ಶಾಲೆಯವರು ಕರೆದರು. ಅಂಗಡಿ ಉಳಿಯಿತು.

ನಾನು ಕತ್ತರಿಯಿಂದ ದಾರ ಕತ್ತರಿಸಿ, ನಾಣ್ಯ ಹುಡುಕಿ ಮುದುಕಿಯ ಕೈಗೆ ಕೊಡಲು ಹೋದೆ. ಅವಳು ತಗೊಳ್ಳಲಿಲ್ಲ. ತುಂಬಿದ ಕ್ಯಾನನ್ನು ಸೊಂಟಕ್ಕೆ ಏರಿಸಿಕೊಂಡು, ಬೆವರಿನಲ್ಲಿ ತೊಯ್ದು ನಿಂತಿದ್ದ ನಮ್ಮ ಮನೆಯವರ ಬೆನ್ನು ತಟ್ಟಿ, ಉಳಿದವರಿಗೆಲ್ಲಾ ಕೇಳುವಂತೆ ಹೇಳಿದಳು:

"ಮಷಿನ್ ಖರಾಬ್ ಇಲ್ಲ. ನೀರ್ ಬಿಡ್ತದ, ಆದ್ರ ಶಾಲಿ ತನಕ ನಡಿಸ್ಕೊಂಡು ಒಯ್ಯಬೇಕು ಅಷ್ಟೇ."