ಬಿದ್ದೆದ್ದ ಕಾರಿಗೆ ಗಿರಾಕಿ ಹುಡುಕಿದ್ದು

ನಮ್ಮ ಶೆಡ್ಡಿನಲ್ಲಿ ನಗೆಪಾಟಲು ಆಗದ ದಿನ ಅಂದರೆ ಶುಕ್ರವಾರ ಒಂದೇ, ಯಾಕಂದರೆ ಅವತ್ತು ರಜೆ. ಉಳಿದ ಆರೂ ದಿನ ಏನಾದರೊಂದು ಆಗಿಯೇ ತೀರುತ್ತದೆ. ಅರ್ಧಕ್ಕೆ ನಾನು ಕಾರಣ, ಇನ್ನರ್ಧಕ್ಕೂ ನಾನೇ ಕಾರಣ ಅಂತ ಉಸ್ತಾದ್ ಹೇಳುತ್ತಾರೆ.

ಉಸ್ತಾದ್ ಅಂದರೆ ಸಿಂಧನೂರಿನ ಮಸ್ಕಿ ರೋಡಿನಲ್ಲಿ, ಅಪಘಾತದಲ್ಲಿ ಹೊಡೆತ ತಿಂದು ಬಂದ ಗಾಡಿಗಳ ತಗ್ಗು ಎತ್ತಿ ಬಣ್ಣ ಹೊಡೆಯುವವರು. ನಾನು ಎಂಟನೇ ಕ್ಲಾಸನ್ನು ಎರಡು ಸಲ ಓದಿ, ಮೂರನೇ ಸಲ ಓದಿದರೆ ಮೇಷ್ಟ್ರಿಗೆ ಬೇಜಾರಾದೀತು ಅಂತ ಅಲ್ಲಿ ಹೋಗಿ ಸೇರಿಕೊಂಡವನು. ಉಸ್ತಾದ್ ಸುತ್ತಿಗೆಯಲ್ಲಿ ತಗಡನ್ನು ಸಣ್ಣಗೆ ಬಡಿಯುತ್ತಾ ಕೂತರೆ ಅಕ್ಕಸಾಲಿಗನೂ ನಿಂತು ನೋಡಬೇಕು. ಆದರೂ ಏನು ಬಂತು? ನಮ್ಮ ಕಡೆ ಗಾಡಿ ಕೊಳ್ಳುವವರ ನಿಯಮ ಒಂದೇ: ಒಮ್ಮೆ ಹೊಡೆದುಕೊಂಡ ಗಾಡಿ ಎಷ್ಟೇ ಚೆಂದ ರಿಪೇರಿಯಾಗಿದ್ದರೂ ಅರ್ಧ ದರ. ಟ್ರ್ಯಾಕ್ಟರು, ಜೀಪುಗಳದ್ದೇ ಈ ಗತಿ. ಇನ್ನು ತಾಲೂಕಿಗೆಲ್ಲ ಒಂದೇ ಒಂದು ಇದ್ದ ಸ್ಪೋರ್ಟ್ಸ್ ಕಾರಿನ ಪಾಡು ಏನಾಯಿತು ಅಂತ ಹೇಳುತ್ತೇನೆ, ಕೇಳಿ.

೧. ನೆಲ್ಲಿನ ಮೇಲೆ ಜಾರಿದ್ದು

ಕಾರು ಅಕ್ಕಿ ಗಿರಣಿಯ ಸಣ್ಣ ಸಾವ್ಕಾರರದು. ಅಕ್ಕಿ ಮಾರಿ ಬರುತ್ತೇನೆ ಅಂತ ಮುಂಬೈಗೆ ಹೋದವರು ಅದನ್ನು ಕೊಂಡುಕೊಂಡು ಬಂದಿದ್ದರು. ಎರಡೇ ಬಾಗಿಲು, ಎರಡೇ ಸೀಟು, ಕೆಂಪಂದರೆ ಕೆಂಪು. ನೆಲಕ್ಕೆ ಎಷ್ಟು ಹತ್ತಿರ ಅಂದರೆ, ಕೋಳಿ ಅದರ ಕೆಳಗೆ ನುಸುಳಬೇಕಾದರೆ ತಲೆ ಬಗ್ಗಿಸಬೇಕು. ಗೊರೇಬಾಳದ ಮುದುಕರು ಅದು ಹೋಗುವುದನ್ನು ನೋಡಿ, "ಪಾಪ, ಹುಡುಗ ಮಲಕ್ಕೊಂಡು ಹೊಂಟಾನ. ಆರಾಮಿಲ್ಲೇನೋ, ದವಾಖಾನಿಗಿರಬೇಕು" ಅನ್ನುತ್ತಿದ್ದರು.

ಸುಗ್ಗಿಯಲ್ಲಿ ತುರ್ವಿಹಾಳದ ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ, ಕಣವಾಗುತ್ತದೆ. ಡಾಂಬರಿನ ಮೇಲೆ ಉದ್ದಕ್ಕೂ ನೆಲ್ಲು, ಅಂದರೆ ಭತ್ತ, ಒಣಹಾಕಿರುತ್ತಾರೆ. ಬಸ್ಸು, ಲಾರಿ ಎಲ್ಲ ಪಕ್ಕಕ್ಕೆ ಸರಿದು ಮೆಲ್ಲಗೆ ಹೋಗುತ್ತವೆ. ನಮ್ಮ ಸಣ್ಣ ಸಾವ್ಕಾರರು ಸರಿಯಲಿಲ್ಲ. ನೆಲ್ಲಿನ ಮೇಲೆ ಬ್ರೇಕ್ ಒತ್ತಿದರು. ಕಾರು ಬುಗುರಿಯ ಹಾಗೆ ಎರಡು ಸುತ್ತು ತಿರುಗಿ, ಮೂತಿಯನ್ನು ಜಾಲಿಗಿಡಕ್ಕೆ ಕೊಟ್ಟು ನಿಂತಿತು.

ಒಬ್ಬ ಅಜ್ಜಿ ಎದೆ ಬಡಿದುಕೊಳ್ಳುತ್ತಾ ಓಡಿ ಬಂದಳಂತೆ. ಸಾವ್ಕಾರರು ಮೊಣಕಾಲು ಹಿಡಿದುಕೊಂಡು ಇಳಿದು, "ಯವ್ವಾ, ಹೆದರಬ್ಯಾಡ, ನನಗೇನೂ ಆಗಿಲ್ಲ" ಅಂದರು.

"ನಿನ್ನ ಯಾರು ಕೇಳ್ಯಾರೋ?" ಅಂದಳು ಅಜ್ಜಿ. "ನನ್ನ ನೆಲ್ಲೆಲ್ಲಾ ತೆಗ್ಗಿಗೆ ಹಾರೇತಿ. ಹಿಡಿ ಕಸಬರಗಿ, ಬಳಿ ಮೊದಲು!"

ಸುದ್ದಿ ಮುಟ್ಟಿ, ನಾನೂ ಉಸ್ತಾದರೂ ಕಾರು ಎಳೆದು ತರಲು ಟ್ರ್ಯಾಕ್ಟರ್ ತೆಗೆದುಕೊಂಡು ಹೋದೆವು. ನೋಡುತ್ತೇವೆ, ಬಿಳಿ ಪ್ಯಾಂಟಿನ ಸಣ್ಣ ಸಾವ್ಕಾರರು ರಸ್ತೆ ಗುಡಿಸುತ್ತಿದ್ದಾರೆ. ಅಜ್ಜಿ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಾಳೆ.

"ಸಾವ್ಕಾರ್ರ, ಹೋಗೂಣೇನ್ರಿ?" ಅಂತ ಉಸ್ತಾದ್ ಕೇಳಿದರು.

ಸಾವ್ಕಾರರು ಅಜ್ಜಿಯ ಕಡೆ ಕಳ್ಳಗಣ್ಣಿನಿಂದ ನೋಡಿ, "ತಡೀರಿ ಉಸ್ತಾದ್, ಈ ಮೂಲಿ ಒಂದು ಉಳದೈತಿ" ಅಂದರು.

ನಗುವುದಕ್ಕೆ ಅಷ್ಟೇ ಇದ್ದಿದ್ದರೆ ಚೆನ್ನಾಗಿತ್ತು. ಅದೇ ವಾರ ಅವರಿಗೆ ಲಿಂಗಸುಗೂರಿನ ಒಂದು ಹುಡುಗಿ ಗೊತ್ತಾಗಿತ್ತು. ಸಾವ್ಕಾರರು ಹುಡುಗಿಯನ್ನು ನೋಡಿ ಬಂದ ಮೇಲೆ ಗಿರಣಿಯಲ್ಲಿ ಅಕ್ಕಿ ಯಾವುದು ತೌಡು ಯಾವುದು ಅಂತ ಮರೆಯುವಷ್ಟು ಮೆಚ್ಚಿದ್ದರು. ಜಾಲಿಗಿಡದ ಸುದ್ದಿ ಅಲ್ಲಿಗೂ ಹೋಯಿತು. ಹುಡುಗಿಯ ಅಪ್ಪ ಹೇಳಿ ಕಳಿಸಿದ: "ಹುಡುಗ ಬೇಕು, ಆ ಕಾರು ಬ್ಯಾಡ. ನಿಶ್ಚಯದ ದಿನ ಅದು ಕಣ್ಣಿಗೆ ಬಿದ್ರ, ಬಂದ ದಾರೀಲೇ ತಿರುಗಿ ಹೋಗ್ತೀವಿ."

ಇತ್ತ ದೊಡ್ಡ ಸಾವ್ಕಾರರು ಮಗನಿಗೆ ಅಂದರು: "ಮಾರು, ನಾ ಬ್ಯಾಡನ್ನಂಗಿಲ್ಲ. ಆದ್ರ ಕೊಂಡ ದರಕ್ಕ ಮಾರಬೇಕು. ಒಂದು ರೂಪಾಯಿ ಕಡಿಮಿ ಆದ್ರೂ ಕಾರೂ ಇಲ್ಲೇ ಇರ್ತೈತಿ, ನೀನೂ ಬ್ರಹ್ಮಚಾರಿ ಆಗಿ ಇಲ್ಲೇ ಇರ್ತಿ."

ನಿಶ್ಚಯಕ್ಕೆ ಒಂದು ತಿಂಗಳಿತ್ತು. ಸಣ್ಣ ಸಾವ್ಕಾರರು ಬಂದು ಉಸ್ತಾದರ ಎರಡೂ ಕೈ ಹಿಡಿದುಕೊಂಡರು. ಉಸ್ತಾದ್ ಗಡ್ಡ ನೀವಿಕೊಂಡು, "ಫಿಕರ್ ಮಾಡಬ್ಯಾಡ್ರಿ. ತಾನು ಹೊಡಕೊಂಡಿದ್ದೆ ಅಂತ ಆ ಗಾಡಿಗೇ ನೆನಪಿರಬಾರದು, ಹಂಗ ಮಾಡಿ ಕೊಡ್ತೀನಿ" ಅಂದರು.

೨. ಹಲ್ಲಿಯಾದ ಮ್ಯಾಗ್ನೆಟ್

ಮೊದಲ ಗಿರಾಕಿ ಲಿಂಗಸುಗೂರಿನ ಒಬ್ಬ ಕಂತ್ರಾಟದಾರ. ಬಹಳ ಹುಷಾರಿ ಮನುಷ್ಯ ಅಂತ ಮೊದಲೇ ಕೇಳಿದ್ದೆವು. ಜೇಬಿನಲ್ಲಿ ಸದಾ ಒಂದು ಮ್ಯಾಗ್ನೆಟ್ ಇಟ್ಟುಕೊಂಡಿರುತ್ತಿದ್ದ. ಗಾಡಿಯ ಮೈಮೇಲೆಲ್ಲ ಅದನ್ನು ಹಚ್ಚಿ ನೋಡುವುದು. ತಗಡಿದ್ದ ಕಡೆ ಅಂಟುತ್ತದೆ. ತಗ್ಗಿಗೆ ಪುಟ್ಟಿ ಮೆತ್ತಿ ಮುಚ್ಚಿದ್ದರೆ ಅಂಟುವುದಿಲ್ಲ. ಅಲ್ಲಿಗೆ ಕಳ್ಳ ಸಿಕ್ಕ, ದರ ಅರ್ಧ.

ಉಸ್ತಾದರಿಗೆ ಹೆದರಿಕೆ ಇರಲಿಲ್ಲ. ಅವರು ಪುಟ್ಟಿ ಮೆತ್ತುವವರಲ್ಲ, ತಗಡನ್ನೇ ಬಡಿದು ಎತ್ತುವವರು. ಹೆದರಿಕೆ ಇದ್ದದ್ದು ನನಗೆ. ಎಲ್ಲಾದರೂ ಅಂಟದೆ ಹೋದರೆ? ಸಾವ್ಕಾರರ ಮದುವೆ ನಿಂತರೆ? ಹಾಗಾಗಿ ನಾನೇ ಬುದ್ಧಿ ಉಪಯೋಗಿಸಿದೆ. ಕೆಟ್ಟ ಮೈಕಿನ ಹಾರ್ನಿನೊಳಗಿನ ದೊಡ್ಡ ಮ್ಯಾಗ್ನೆಟ್ ಒಂದು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಕಾರಿನ ಬಾಗಿಲೊಳಗೆ, ಏರಿಳಿಯುವ ಗಾಜಿನ ಪಟ್ಟಿಗೆ ಬಿಗಿಯಾಗಿ ಕಟ್ಟಿದೆ. ಉಸ್ತಾದರಿಗೆ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿ ಡಂಗುರ ಹೊಡೆಯಬಾರದಲ್ಲ.

ಕಂತ್ರಾಟದಾರ ಬಂದ. ಬಾನೆಟ್ಟಿಗೆ ಹಚ್ಚಿದ, ಅಂಟಿತು. ಹಿಂದೆ ಹಚ್ಚಿದ, ಅಂಟಿತು. ಉಸ್ತಾದ್ ಆಕಾಶ ನೋಡುತ್ತಾ ನಿಂತರು. ಬಾಗಿಲ ಹತ್ತಿರ ತಂದಾಗ ಮ್ಯಾಗ್ನೆಟ್ ಅವನ ಕೈಯಿಂದ ಹಾರಿ ಹೋಗಿ ಟಪ್ ಅಂತ ಕಚ್ಚಿತು. ಎಳೆದ, ಬರಲಿಲ್ಲ. ಕಾಲು ಕೊಟ್ಟು ಎಳೆದ, ಬರಲಿಲ್ಲ.

"ಭಾರಿ ತಗಡು ಬಿಡ್ರಿ!" ಅಂದ, ಖುಷಿಯಾಗಿ.

ಅಲ್ಲಿಗೆ ಬಿಟ್ಟಿದ್ದರೆ ಕಾರು ಮಾರಿಹೋಗುತ್ತಿತ್ತು. ಆದರೆ ಒಳಗೆ ಕೂತಿದ್ದ ಅವನ ತಮ್ಮ ಗಾಜು ಸರಿಯಿದೆಯೋ ನೋಡೋಣ ಅಂತ ಹಿಡಿಕೆ ತಿರುವಿದ. ಒಳಗಿನದು ಇಳಿಯಿತು, ಅದರ ಬೆನ್ನು ಹತ್ತಿ ಹೊರಗಿನದೂ ಇಳಿಯಿತು. ಕಂತ್ರಾಟದಾರನ ಕಣ್ಣೆದುರಿಗೆ ಅವನದೇ ಮ್ಯಾಗ್ನೆಟ್ ಹಲ್ಲಿಯ ಹಾಗೆ ಬಾಗಿಲ ಮೇಲೆ ಸರಸರ ಕೆಳಗೆ ಹರಿಯಿತು. ತಮ್ಮ ಗಾಜು ಏರಿಸಿದ. ಹಲ್ಲಿ ಮೇಲೆ ಬಂತು.

ಕಂತ್ರಾಟದಾರ ಎರಡು ಹೆಜ್ಜೆ ಹಿಂದೆ ಸರಿದ. "ಉಸ್ತಾದ್, ಈ ಗಾಡ್ಯಾಗ ಯಾರು ಸತ್ತಾರ?"

"ಅಲ್ಲಾ ಕಸಮ್, ಯಾರೂ ಸತ್ತಿಲ್ರಿ!"

"ಮತ್ತ ಒಳಗ ಇರೂದು ಯಾರು?"

ತಮ್ಮನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಅವನು ಓಡಿದ ರಭಸಕ್ಕೆ ಒಂದು ಚಪ್ಪಲಿ ನಮ್ಮಲ್ಲೇ ಉಳಿಯಿತು. ಉಸ್ತಾದ್ ಬಾಗಿಲು ಬಿಚ್ಚಿ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡರು. ಅವತ್ತು ನಾನು ಓಡಿದ ರಭಸಕ್ಕೆ ನನ್ನವು ಎರಡೂ ಉಳಿದವು.

೩. ಸೆರಗು ಬೇರೆ, ಒಡಲು ಬೇರೆ

ಎರಡನೆಯವರು ಮಸ್ಕಿಯ ಬಟ್ಟೆ ವ್ಯಾಪಾರಿ. ಮ್ಯಾಗ್ನೆಟ್ ಗಿಗ್ನೆಟ್ ಏನೂ ತರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. "ಹೆಣ್ಣುಮಕ್ಕಳಿಗೇನು ತಿಳೀತೈತಿ ಗಾಡಿ" ಅಂತ ಉಸ್ತಾದ್ ನನ್ನ ಕಿವಿಯಲ್ಲಿ ಅಂದು, ಹಗುರಾಗಿ ನಕ್ಕರು.

ಆ ಯಮ್ಮ ಕಾರನ್ನು ಮುಟ್ಟಲೂ ಇಲ್ಲ. ದೂರ ನಿಂತು, ತಲೆ ಒಂಚೂರು ವಾಲಿಸಿ ನೋಡಿ ಅಂದಳು: "ಇದರ ಸೆರಗು ಬ್ಯಾರೆ ಐತಿ, ಒಡಲು ಬ್ಯಾರೆ ಐತಿ."

"ಅಂದ್ರ ಏನ್ರೀ ಯಮ್ಮಾ?" ಅಂದರು ಉಸ್ತಾದ್. ನಗು ಅರ್ಧಕ್ಕೇ ನಿಂತಿತ್ತು.

"ಹಿಂದಿನದು ಕುಂಕುಮದ ಕೆಂಪು. ಮುಂದಿನದು ಬ್ಯಾಡಗಿ ಮೆಣಸಿನಕಾಯಿ ಕೆಂಪು. ಇಪ್ಪತ್ತು ವರ್ಷದಿಂದ ಸೀರಿ ಮಾರಾಕತ್ತೀನಿ, ನನಗ ತಿಳಿಯಂಗಿಲ್ಲೇನು? ಮುಂದಿನದು ಹರದಿತ್ತು, ಬ್ಯಾರೆ ತುಂಡು ಹಚ್ಚೀರಿ."

"ಅದು ಬಿಸಿಲಿಗೆ ಹಂಗ ಕಾಣತೈತ್ರಿ..."

"ಹೌದ್ರಿ, ನಾವೂ ಗಿರಾಕಿಗೆ ಹಿಂಗ ಹೇಳ್ತೀವಿ" ಅಂದಳು ಆ ಯಮ್ಮ.

ವ್ಯಾಪಾರಿ ತಲೆ ಕೆರೆದುಕೊಂಡು, ಅರ್ಧ ದರಕ್ಕೆ ಕೊಟ್ಟರೆ ಒಯ್ಯುತ್ತೇವೆ ಅಂದರು. ಸಣ್ಣ ಸಾವ್ಕಾರರ ಮುಖ ಒಣಗಿದ ನೆಲ್ಲಾಯಿತು. ಕೊಡಲಾಗಲಿಲ್ಲ. ಗಂಡ ಹೆಂಡತಿ ಹೋದ ಮೇಲೆ ಉಸ್ತಾದ್ ಇಡೀ ಕಾರಿನ ಬಣ್ಣ ತೆಗೆದು, ಹತ್ತು ದಿನ ಕೂತು, ಮೂತಿಯಿಂದ ಬಾಲದವರೆಗೆ ಒಂದೇ ಡಬ್ಬಿಯ ಕೆಂಪು ಹೊಡೆದರು. ಮುಗಿದ ದಿನ ನನ್ನನ್ನು ಕರೆದು, "ನೋಡಲೇ, ಎಲ್ಲಾದ್ರೂ ಸೆರಗು ಕಾಣತೈತೇನು?" ಅಂದರು.

"ಇಲ್ಲ ಉಸ್ತಾದ್. ಆದ್ರ ಕುಪ್ಪಸದ ಪೀಸ್ ಎಲ್ಲೈತಿ?" ಅಂದೆ.

ಅವತ್ತು ಊಟ ಒಂದು ತಾಸು ತಡವಾಯಿತು. ನಾನು ಬೇವಿನ ಮರದ ಮೇಲಿದ್ದೆ, ಅವರು ಕೆಳಗಿದ್ದರು.

೪. ಸುಳಿ ನೋಡಿ ಕೊಳ್ಳುವವನು

ನಿಶ್ಚಯಕ್ಕೆ ಒಂದೇ ದಿನ ಉಳಿಯಿತು. ಮರುದಿನ ಬೆಳಿಗ್ಗೆ ಲಿಂಗಸುಗೂರಿನ ಬೀಗರು ಬರುವವರಿದ್ದರು. ಸಣ್ಣ ಸಾವ್ಕಾರರು ನಮ್ಮ ಶೆಡ್ಡಿನಲ್ಲೇ ಟಯರಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದರು. ಆಗ ಗುರುಗುಂಟಾದ ದನದ ದಲಾಲಿಯೊಬ್ಬ ಬಂದ. ದೊಡ್ಡ ರುಮಾಲು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಾರುಕೋಲು.

"ಮೂವತ್ತು ವರ್ಷ ಎತ್ತಿನ ಹಿಂದ ನಡದೀನಿ. ಇನ್ನ ಕುಂತು ಹೋಗಬೇಕು. ಎಲ್ಲೈತಿ ಆ ಕೆಂಪಂದು?" ಅಂದ.

ಅವನು ಕಾರನ್ನು ನೋಡಿದ ರೀತಿ ನಾನು ಸಾಯುವವರೆಗೆ ಮರೆಯುವುದಿಲ್ಲ. ಮೊದಲು ಸುತ್ತಲೂ ಒಂದು ಸಲ ನಡೆದು, ಎತ್ತಿಗೆ ನೋಡುವ ಹಾಗೆ ಮೈಮೇಲೆ ಕೆಟ್ಟ ಸುಳಿ ಇದೆಯೋ ಅಂತ ನೋಡಿದ. ಬಾನೆಟ್ ಎತ್ತಿಸಿ, ಹಲ್ಲು ಎಣಿಸುವವನ ಹಾಗೆ ಒಳಗೆ ಬಗ್ಗಿದ. ಹಿಂದೆ ಹೋಗಿ ಡಿಕ್ಕಿಯ ಮೇಲೆ ಒಮ್ಮೆ ಚಪ್ಪರಿಸಿ, ಬೆಚ್ಚುತ್ತದೋ ಅಂತ ಕಾದ. "ಸಾಧು ಐತಿ" ಅಂದ. ಸಾವ್ಕಾರರು ಓಡಿಸಿ ತೋರಿಸಿದರೆ, ಅವನು ಬಗ್ಗಿ ಗಾಲಿಗಳನ್ನೇ ನೋಡುತ್ತಾ, "ನಡಿಗಿ ಛಲೋ ಐತಿ, ಕುಂಟಂಗಿಲ್ಲ" ಅಂದ.

ಆಮೇಲೆ ಟವೆಲ್ಲು ಬಿಚ್ಚಿದ. ದನದ ಸಂತೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಹೇಳುತ್ತಾರೆ. ಉಸ್ತಾದ್ ಕೈ ಕೊಟ್ಟರು. ಟವೆಲ್ಲು ಅತ್ತ ಅಲ್ಲಾಡಿತು, ಇತ್ತ ಅಲ್ಲಾಡಿತು. ಸಾವ್ಕಾರರು ಟವೆಲ್ಲನ್ನೇ ನೋಡುತ್ತಾ ಉಸಿರು ಹಿಡಿದಿದ್ದರು. ಕೊನೆಗೆ ಉಸ್ತಾದರ ಮುಖ ಅರಳಿತು. ಕೊಂಡ ದರ ಪೂರ್ತಿ ಬಂದಿತ್ತು!

ಕೈ ಬಿಡುವ ಮೊದಲು ದಲಾಲಿ ಕೇಳಿದ: "ಎಲ್ಲಾ ಬರೋಬ್ಬರಿ. ಒಂದು ಮಾತು ಹೇಳು. ಇದು ಎಷ್ಟು ಸಲ ಬಿದ್ದೈತಿ?"

ಉಸ್ತಾದ್ ಎದೆಯುಬ್ಬಿಸಿ, "ಒಮ್ಮೀನೂ ಇಲ್ಲ! ಒಂದು ಗೀರು ಬಿದ್ದಿಲ್ಲ!" ಅಂದರು.

ದಲಾಲಿ ಚೇಳು ಕಡಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. "ಹಂಗಾರ ಬ್ಯಾಡ."

"ಯಾಕ್ರೀ?"

"ಪ್ರತಿ ಗಾಡಿ ಹಣ್ಯಾಗ ಒಂದು ಗಂಡಾಂತರ ಬರದಿರ್ತೈತಿ. ಅದು ಕಳದಿದ್ರ ಛಲೋ. ಕಳದಿಲ್ಲಂದ್ರ ನನ್ನ ಕೈಯಾಗ ಕಳೀತೈತಿ. ನಮ್ಮಣ್ಣ ಹೊಸಾ ಜೀಪ್ ತಂದು ಮೂರನೇ ದಿನಕ್ಕ ಬಾವ್ಯಾಗ ಇಳಿಸಿದ. ಬಿದ್ದೆದ್ದ ಎತ್ತು ಕಾಲು ನೋಡಿ ಇಡ್ತೈತಿ. ಬೀಳಲಾರದ್ದು ನನಗ ಬ್ಯಾಡ."

ಆಮೇಲೆ ಶುರುವಾಯಿತು ನೋಡಿ. "ಬಿದ್ದೈತ್ರಿ! ಭಾರಿ ಬಿದ್ದೈತಿ! ಮೂತಿ ಎಲ್ಲಾ ಒಳಗ ಹೋಗಿತ್ತು!" ಅಂತ ಕೂಗಿದರು.

"ಈಗ ಇಲ್ಲಂದಿ, ಈಗ ಹೌದಂತಿ. ಎಲ್ಲಿ, ತೋರಿಸು?"

ತೋರಿಸುವುದಕ್ಕೆ ಏನಿದೆ? ಉಸ್ತಾದ್ ಮೂತಿಯನ್ನು ಬಡಿದರು, ಹೊಸ ಕೊಡದ ಹಾಗೆ ಟಣ್ ಅಂದಿತು. ಬಗ್ಗಿ ನೋಡಿದರು, ಕೆಳಗಿನಿಂದ ನೋಡಿದರು. ತಾವೇ ಮುಚ್ಚಿದ ತಗ್ಗು ತಮಗೇ ಸಿಗಲಿಲ್ಲ. ಸಿಟ್ಟು ಬಂದು, "ಎಂಥಾ ಹಾಳು ಕೆಲಸ ಮಾಡೀನಿ ನಾನು!" ಅಂತ ಹಣೆ ಹಣೆ ಚಚ್ಚಿಕೊಂಡರು.

ಸಾವ್ಕಾರರು ಪ್ಯಾಂಟು ಮೇಲೆತ್ತಿ ಮೊಣಕಾಲಿನ ಗಾಯದ ಕಲೆ ತೋರಿಸಿದರು. "ಯಜಮಾನ್ರ, ನಾನೇ ಕೆಡವಿದ್ದು. ನೋಡ್ರಿ."

"ಕಬಡ್ಡಿ ಆಡಿದ್ರೂ ಹಿಂಗ ಆಕ್ಕೈತಿ."

"ತುರ್ವಿಹಾಳದಾಗ ಕೇಳ್ರಿ ಬೇಕಾದ್ರ!"

"ಒಂದು ಚಹಾ ಕುಡಿಸಿದ್ರ ಮಂದಿ ಏನು ಬೇಕಾದ್ರೂ ಹೇಳ್ತಾರ. ದನ ಮಾರಾವಾಗ ನಾನೂ ಕುಡಿಸೀನಿ" ಅಂತ ದಲಾಲಿ ಟವೆಲ್ಲು ಹೆಗಲಿಗೇರಿಸಿ, ಬಸ್ಸಿನ ಕಡೆ ಮುಖ ತಿರುಗಿಸಿದ.

ಸಾವ್ಕಾರರ ಕಣ್ಣಲ್ಲಿ ನೀರು ಬಂದಿತ್ತು. ನನಗೆ ನೋಡಲಾಗಲಿಲ್ಲ. ಕಾರಿನೊಳಗೆ ಹೋಗಿ ಕೂತೆ. ನಮ್ಮ ಶೆಡ್ಡಿನ ಮುಂದಿನ ನೆಲ ಬೇವಿನ ಮರದ ಕಡೆಗೆ ಇಳಿಜಾರು. ಹಿಂದೆ ಯಾರೂ ಇಲ್ಲ ಅಂತ ಎರಡು ಸಲ ನೋಡಿ, ಹ್ಯಾಂಡ್ ಬ್ರೇಕ್ ಬಿಟ್ಟೆ.

ಕೆಂಪು ಕಾರು ಮದುಮಗಳ ಹಾಗೆ ಮೆಲ್ಲಗೆ ಹಿಂದಕ್ಕೆ ಹೊರಟಿತು. "ಲೇ ಬಂದರ್, ಮಂಗ್ಯಾ!" ಅಂತ ಉಸ್ತಾದ್ ಕಿರುಚಿದ್ದು ಕೇಳಿಸಿತು. ಆಮೇಲೆ ಧಡಲ್! ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಕೆಂಪು ಲೈಟಿನ ಗಾಜು ಚಿಲ್ಲೆಂದಿತು. ಡಿಕ್ಕಿಯಲ್ಲಿ ಒಂದು ಬುಟ್ಟಿ ಹಿಡಿಸುವಷ್ಟು ತಗ್ಗು ಬಿತ್ತು.

ಸಾವ್ಕಾರರು ನೆಲಕ್ಕೆ ಕುಸಿದಿದ್ದರು. ಉಸ್ತಾದ್ ಪಾನಾ ಹುಡುಕುತ್ತಿದ್ದರು. ದಲಾಲಿ ಮಾತ್ರ ನಿಧಾನ ತಿರುಗಿ ಬಂದು, ತಗ್ಗಿನೊಳಗೆ ಕೈಯಿಟ್ಟು ಆಳ ನೋಡಿ, ನನ್ನ ಮೈ ಕೈ ಮುಟ್ಟಿ ನೋಡಿ, "ಒಳಗಿದ್ದ ಹುಡುಗನಿಗೆ ಏನೂ ಆಗಿಲ್ಲ. ಗಂಡಾಂತರ ಚೊಲೋತ್ನಾಗ ಕಳೀತು" ಅಂದ. ಹೆಗಲಿನಿಂದ ಟವೆಲ್ಲು ಇಳಿಸಿದ. "ಉಸ್ತಾದ್, ಕೊಡು ಕೈ."

ಈ ಸಲ ಟವೆಲ್ಲು ಅಲ್ಲಾಡಲೇ ಇಲ್ಲ. ಅದೇ ದರ, ಪೂರ್ತಿ! ಸಾವ್ಕಾರರು ಎದ್ದು ನನ್ನನ್ನು ಎತ್ತಿಕೊಂಡು ಕುಣಿದರು. ಮದುವೆಗೆ ಹೊಸ ಅಂಗಿ ಕೊಡಿಸುತ್ತೇನೆ ಅಂದರು. ಉಸ್ತಾದ್ ಪಾನಾ ಕೆಳಗಿಟ್ಟರು, ಆದರೂ ಕಣ್ಣು ಆ ತಗ್ಗಿನ ಮೇಲೇ ಇತ್ತು. ಅವರ ಜೀವ ತಡೆಯಲಿಲ್ಲ. ಸುತ್ತಿಗೆ ಹಿಡಿದು, "ಯಜಮಾನ್ರ, ಒಂದು ತಾಸು ಕೊಡ್ರಿ. ದುಡ್ಡು ಬ್ಯಾಡ. ತಗ್ಗು ಇತ್ತು ಅಂತ ನಿಮಗೂ ಗೊತ್ತಾಗಬಾರದು, ಹಂಗ ಎತ್ತಿ ಕೊಡ್ತೀನಿ" ಅಂದರು.

ದಲಾಲಿ ಎರಡೂ ಕೈ ಅಗಲಿಸಿ ಡಿಕ್ಕಿಗೆ ಅಡ್ಡ ನಿಂತುಬಿಟ್ಟ.

"ಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ಮುಟ್ಟಬ್ಯಾಡ! ನಾಳೆ ನಾನು ಇದನ್ನ ಮಾರಬೇಕಂದ್ರ ಗಿರಾಕಿಗೆ ಏನು ತೋರಿಸ್ಲಿ?"