ಕಿವಿಹಾಲೆಯ ಹದ

ನಮ್ಮ ಮಾತಿನಲ್ಲಿ ಕೈಗೆ ಇರುವಷ್ಟು ದುಡಿಮೆ ಬೇರೆ ಯಾವ ಅಂಗಕ್ಕೂ ಇಲ್ಲ. ಮದುವೆಯಾದರೆ ಕೈಹಿಡಿದರು ಎನ್ನುತ್ತೇವೆ, ಅಡುಗೆ ಒಪ್ಪಿದರೆ ಕೈರುಚಿ ಎನ್ನುತ್ತೇವೆ, ಡಾಕ್ಟರ ಔಷಧಿ ನಾಟಿದರೆ ಕೈಗುಣ ಎನ್ನುತ್ತೇವೆ, ನಂಬಿದವರು ನಡುನೀರಿನಲ್ಲಿ ಬಿಟ್ಟರೆ ಕೈಕೊಟ್ಟರು ಎನ್ನುತ್ತೇವೆ. ಹಾಲಿನವನು ಕೈಕೊಡುವುದು, ಕೆಲಸದವಳು ಕೈಕೊಡುವುದು, ನೆಂಟರು ಬಂದ ದಿನವೇ ಸೀಮೆಎಣ್ಣೆ ಸ್ಟೌ ಕೈಕೊಡುವುದು, ಇವೆಲ್ಲ ಜಯಲಕ್ಷ್ಮಿಪುರಂನ ಯಾವ ಹೆಂಗಸಿಗೂ ಹೊಸದಲ್ಲ. ನನ್ನ ಪಾಡು ಸ್ವಲ್ಪ ಬೇರೆ. ನನಗೆ ನನ್ನ ಕೈಯೇ ಕೈಕೊಟ್ಟಿತು.

ಅದೂ ಪೂರ್ತಿ ಕೈಯಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಇಷ್ಟು ಸೇರಿಕೊಂಡು ಮುಷ್ಕರ ಹೂಡಿದವು. ಉಂಗುರದ ಬೆರಳು ಅರ್ಧ ನನ್ನ ಕಡೆ, ಅರ್ಧ ಅವುಗಳ ಕಡೆ. ಕಿರುಬೆರಳು ಮಾತ್ರ ಕೊನೆಯವರೆಗೂ ನಿಯತ್ತಾಗಿತ್ತು. ಆದರೆ ಕಿರುಬೆರಳೊಂದನ್ನೇ ನಂಬಿಕೊಂಡು ಯಾರು ಸಂಸಾರ ಮಾಡುತ್ತಾರೆ? ಮೊದಮೊದಲು ಬೆಳಗ್ಗೆ ಏಳುವಾಗ ಜೋಮು ಹಿಡಿದಿರುತ್ತಿತ್ತು, ಕೈ ಒದರಿದರೆ ಹೋಗುತ್ತಿತ್ತು. ಆಮೇಲೆ ಬಟ್ಟೆ ಹಿಂಡುವಾಗ, ಒರಳಲ್ಲಿ ರುಬ್ಬುವಾಗ ಬಂದು, ಬಂದದ್ದು ಹೋಗದೆ ಅಲ್ಲೇ ಬೀಡುಬಿಟ್ಟಿತು. ಮೊರದಲ್ಲಿ ಅಕ್ಕಿ ಆರಿಸಲು ಕೂತರೆ ಕಲ್ಲು ಯಾವುದು, ಕಾಳು ಯಾವುದು ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ನಮ್ಮ ಯಜಮಾನರ ಹಲ್ಲಿಗೆ. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಊಟದ ನಡುವೆ ಕಟುಂ ಎಂದರೆ ತಲೆಯೆತ್ತದೆ "ಒಂದು" ಎನ್ನುತ್ತಿದ್ದರು. ಇನ್ನೊಮ್ಮೆ ಕಟುಂ ಎಂದರೆ "ಎರಡು." ಬೈಗುಳವಾದರೂ ಬಂದಿದ್ದರೆ ತಿರುಗಿಸಿ ಜಗಳವಾಡಬಹುದಿತ್ತು. ಲೆಕ್ಕದ ಜೊತೆ ಏನು ಜಗಳ?

ತಮಾಷೆಯೆಂದರೆ, ಇದೇ ಕಾಲದಲ್ಲಿ ನಮ್ಮತ್ತೆಯ ಬಾಯಲ್ಲಿ ನನ್ನ ಕೈಗೆ ಎಂದೂ ಇಲ್ಲದ ಹೊಗಳಿಕೆ ಶುರುವಾಯಿತು. ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿ ಬೆಳೆದಿದ್ದರೂ ಸುಡುವ ಮುದ್ದೆ ಕಟ್ಟುವಾಗ ನಾನು ಹಾ ಹೂ ಎಂದು ಕುಣಿಯುತ್ತಿದ್ದೆ. ಈಗ ನೀರು ಸವರಿದ ಅಂಗೈಯಲ್ಲಿ ಹೊಗೆಯಾಡುವ ಮುದ್ದೆಯನ್ನು ಸುಮ್ಮನೆ ಉರುಳಿಸುತ್ತಿದ್ದೆ. ಇಕ್ಕಳ ಹುಡುಕದೆ ಪಾತ್ರೆ ಇಳಿಸುತ್ತಿದ್ದೆ. "ಈಗ ಪಳಗ್ತು ನೋಡು ನಮ್ ಸೊಸೆ ಕೈ," ಎಂದು ಅತ್ತೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಹದಿನೈದು ವರ್ಷ ಕಾದಿದ್ದ ಮೆಚ್ಚುಗೆ. ನಿಜ ಹೇಳಿ ಅದನ್ನು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಆ ಮೆಚ್ಚುಗೆಯ ಭರದಲ್ಲೇ ಅವರು ದೀಪಾವಳಿಯ ಹಿಂದಿನ ದಿನ ಕಜ್ಜಾಯದ ಸೌಟನ್ನು ನನ್ನ ಕೈಗೆ ಕೊಟ್ಟುಬಿಟ್ಟರು. ಮಹಾರಾಜರು ರಾಜ್ಯ ಬಿಟ್ಟುಕೊಟ್ಟು ಎಷ್ಟೋ ವರ್ಷವಾದ ಮೇಲೆ ನಮ್ಮತ್ತೆ ಸೌಟು ಬಿಟ್ಟುಕೊಟ್ಟರು. ಅಲ್ಲಿಯ ತನಕ ಪಾಕ ತೆಗೆಯುವುದು ಅವರು, ಹಿಟ್ಟು ಕುಟ್ಟುವುದು ಮಾತ್ರ ನಾನು.

ಆ ಸೌಟಿಗಾಗಿ ನಾನು ಯಾಕೆ ಅಷ್ಟು ಆಸೆಪಟ್ಟಿದ್ದೆ ಎಂದು ಹೇಳಬೇಕಾದರೆ ನಮ್ಮವ್ವನ ಸುದ್ದಿ ಎತ್ತಬೇಕು. ಕಜ್ಜಾಯ ಎಂದರೆ ಅಕ್ಕಿಹಿಟ್ಟು, ಬೆಲ್ಲ, ಒಂದಿಷ್ಟು ಗಸಗಸೆ, ಮಿಕ್ಕಿದ್ದೆಲ್ಲ ಪಾಕದ ಹದ. ಪಾಕ ಎಳಸಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆದು ಚೂರಾಗುತ್ತದೆ, ಬಲಿತರೆ ಕಲ್ಲಾಗುತ್ತದೆ. ಅವ್ವ ಕುದಿಯುವ ಬೆಲ್ಲದ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಉಂಡೆ ಮಾಡಿ ಒತ್ತಿ ನೋಡುತ್ತಿದ್ದಳು. ಆಮೇಲೆ ಅದೇ ಒದ್ದೆ ಬೆರಳಿನಲ್ಲಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ನನ್ನ ಕಿವಿಯ ಹಾಲೆಯನ್ನು ಹಿಡಿದು ಒತ್ತುತ್ತಿದ್ದಳು. ಪಾಕ, ಕಿವಿ. ಪಾಕ, ಕಿವಿ. "ಇನ್ನೊಂದ್ ಕುದಿ ಬರ್ಲಿ ಕಣವ್ವ," ಎನ್ನುತ್ತಿದ್ದಳು. ಕೊನೆಗೆ, "ಈಗ ನಿನ್ ಕಿವಿ ಅಂಗೇ ಐತೆ, ಇಳಿಸಾನ" ಎಂದಾಗ ಕಜ್ಜಾಯ ಮಾಡಿದವಳು ನಾನೇ ಎನ್ನುವಷ್ಟು ನನಗೆ ಬಿಂಕ. ಹಬ್ಬದ ದಿನ ನನ್ನ ಕಿವಿಗೆ ಇರುವೆ ಮುತ್ತುತ್ತಿದ್ದವು.

ನನ್ನ ಮದುವೆಯಾದ ಮರುವರ್ಷ ಅವ್ವ ಹೋದಳು. ಅವಳ ಒಂದು ಫೋಟೋ ಕೂಡ ಇಲ್ಲ. ಮುಖ ಕಣ್ಣಿಗೆ ಕಟ್ಟದ ದಿನಗಳೂ ಉಂಟು, ಆದರೆ ಆ ಎರಡು ಬೆರಳು ನನ್ನ ಕಿವಿಯಿಂದ ಎಂದೂ ಹೋಗಿರಲಿಲ್ಲ. ಒಂದು ದಿನ ನಾನೂ ಒಲೆಯ ಮುಂದೆ ನಿಂತು ಪಾಕವನ್ನೂ ಕಿವಿಯನ್ನೂ ಮುಟ್ಟಿ ನೋಡಿದರೆ, ಅಷ್ಟು ಹೊತ್ತು ಅವ್ವ ನನ್ನ ಅಡುಗೆಮನೆಯಲ್ಲಿ ಇರುತ್ತಾಳೆ ಎಂದುಕೊಂಡಿದ್ದೆ. ಆ ದಿನ ಬಂತು. ಹನಿ ಬಿಟ್ಟೆ, ಒತ್ತಿದೆ. ಬೆರಳಿನ ನಡುವೆ ಏನಿದೆ, ಏನಿಲ್ಲ ಒಂದೂ ತಿಳಿಯಲಿಲ್ಲ. ಕಿವಿ ಹಿಡಿದೆ. ಯಾರದೋ ಕಿವಿಯನ್ನು ಇನ್ಯಾರೋ ಹಿಡಿದ ಹಾಗಿತ್ತು. ಕುರುಡು ನಂಬಿಕೆಯ ಮೇಲೆ ಪಾಕ ಇಳಿಸಿದೆ. ಮಾರನೆಯ ದಿನ ಕಜ್ಜಾಯಗಳು ಎಣ್ಣೆಗೆ ಬಿದ್ದ ಕೂಡಲೇ ಚೂರುಚೂರಾದವು. ಅತ್ತೆ ಸೌಟನ್ನು ವಾಪಸ್ಸು ತೆಗೆದುಕೊಂಡರು. ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಅತ್ತದ್ದು ಕಜ್ಜಾಯಕ್ಕಲ್ಲ, ಅವ್ವ ಇನ್ನೊಂದು ಸಲ ಹೋದ ಹಾಗಾಗಿತ್ತು.

ಅಂದು ಮನೆಯವರಿಗೆಲ್ಲ ಕೈಯ ವಿಷಯ ಗೊತ್ತಾಯಿತು. ವಿಷಯ ಗೊತ್ತಾದರೆ ಔಷಧಿ ಗೊತ್ತಿಲ್ಲದವರು ಮೈಸೂರಿನಲ್ಲಿ ಯಾರೂ ಇಲ್ಲ. ವಾತ ಎಂದು ಒಬ್ಬರು ಎಣ್ಣೆ ಕೊಟ್ಟರು. ಬಳೆ ಬಿಗಿಯಾಯಿತು ಎಂದು ಇನ್ನೊಬ್ಬರು ಪಾಪದ ಬಳೆಗಾರನನ್ನು ಬೈದರು. ಉಳುಕು ಎಂದು ಕೆಸರೆಯಲ್ಲಿ ಉಳುಕು ತೆಗೆಯುವ ಒಬ್ಬ ಮುದುಕರ ಹತ್ತಿರ ಕರೆದುಕೊಂಡು ಹೋದರು. ಅವರು ನನ್ನ ಕೈಯನ್ನು ಬಾವಿಯ ಹಗ್ಗ ಜಗ್ಗುವ ಹಾಗೆ ಜಗ್ಗಿ, "ಓಯ್ತು ಬುಡವ್ವ" ಎಂದರು. ಜೋಮು ಹೋಗಲಿಲ್ಲ, ಭುಜದ ನೋವು ಹೊಸದಾಗಿ ಬಂತು. ಊರಿಂದ ಬಂದಿದ್ದ ಅತ್ತೆಯ ತಂಗಿ "ಸೂಜಿ ಚುಚ್ಚಿದ್ರೂ ಗೊತ್ತಾಗಲ್ವಾ?" ಎಂದು ಕೇಳಿ, ಆಮೇಲೆ ನಾನು ಕೊಟ್ಟ ಕಾಫಿ ಮುಟ್ಟಲಿಲ್ಲ. ಕುಷ್ಠ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ. ಆಡದೆ ಇದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ಆ ಭಯ ಬಿಡಿಸಿದವಳು ನಮ್ಮ ಬೀದಿಯ ತೆರೇಸಮ್ಮ. ಅವಳು ಆಸ್ಪತ್ರೆಯಲ್ಲಿ ನರ್ಸು. ಭಾನುವಾರ ಚರ್ಚಿನಿಂದ ಬರುತ್ತ ಜಗುಲಿಯಲ್ಲಿ ಕೂತು ನನ್ನ ಕೈ ಹಿಡಿದು ನೋಡಿದಳು. "ವಾತಾನೂ ಅಲ್ಲ, ನೀವು ಎದರ್ಕೊಂಡಿರೋ ಕಾಯ್ಲೇನೂ ಅಲ್ಲ ಕಣಕ್ಕ. ಮಣಿಕಟ್ಟಲ್ಲಿ ನರ ಸಿಕ್ಕಾಕ್ಕೊಂಡಿರಬೇಕು. ನಮ್ಮಾಸ್ಪತ್ರೆಗೆ ವಿಲಾಯಿತಿಲಿ ಓದಿರೋ ಡಾಕ್ಟ್ರು ಬಂದವ್ರೆ, ತೋರಿಸ್ಬುಡಿ," ಎಂದಳು. ನಾನು, ಯಜಮಾನರು, ಬೇಡವೆಂದರೂ ಕೇಳದ ಅತ್ತೆ, ಮೂವರೂ ಜಟಕಾ ಹತ್ತಿದೆವು.

ಡಾಕ್ಟರು ಮೈಮೇಲೆ ಮಚ್ಚೆಗಳಿವೆಯೇ ಎಂದು ವಿಚಾರಿಸಿ, ಮೊಣಕೈ ಒತ್ತಿ ನೋಡಿ, ದೊಡ್ಡ ಕಾಯಿಲೆ ಏನಿಲ್ಲ ಎಂದರು. ಅತ್ತೆ ಅಲ್ಲೇ ಗೋಡೆಗೆ ಕೈಮುಗಿದರು. ಆಮೇಲೆ ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, ಬೆರಳಿಗೆ ಏನೋ ಕೊಟ್ಟು, ಏನೆಂದು ಹೇಳಿ ಎಂದರು. "ಗುಂಡಿ" ಎಂದೆ. ಅದು ಆಗ ಹೊಸದಾಗಿ ಬಂದಿದ್ದ ನಯಾಪೈಸೆ. ಇನ್ನೊಂದು ಕೊಟ್ಟರು. ಈ ಸಲ ಜಾಣತನ ಮಾಡಿ "ನಯಾಪೈಸೆ" ಎಂದೆ. ಅದು ಗುಂಡಿ. ಮಣಿಕಟ್ಟಿನ ಮೇಲೆ ಬೆರಳಿನಿಂದ ಕುಟ್ಟಿದರು ನೋಡಿ, ಮೂರು ಬೆರಳಿಗೂ ಕರೆಂಟು ಹೊಡೆದ ಹಾಗಾಯಿತು. ಡಾಕ್ಟರಿಗೆ ಖುಷಿಯಾಯಿತು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಓಣಿ ಇದೆಯಂತೆ. ಬೆರಳು ಮಡಿಸುವ ಹುರಿಗಳೆಲ್ಲ ಅಲ್ಲೇ ನುಗ್ಗಬೇಕು, ನರವೂ ಅಲ್ಲೇ ಹೋಗಬೇಕು, ಮೇಲೊಂದು ಗಟ್ಟಿ ಪಟ್ಟಿ. ಆ ಪಟ್ಟಿಯನ್ನು ಕತ್ತರಿಸಿ ಬಿಟ್ಟರೆ ನರಕ್ಕೆ ಜಾಗವಾಗುತ್ತದೆ. ವಠಾರದಿಂದ ಪಾರಾಗಿ ಜಯಲಕ್ಷ್ಮಿಪುರಂಗೆ ಬಂದರೆ, ನನ್ನ ಕೈಯೊಳಗೇ ಒಂದು ವಠಾರ!

"ಎಲ್ಲಿ ಕುಯ್ತೀರ ಬುದ್ಧಿ?" ಎಂದರು ಅತ್ತೆ. ಡಾಕ್ಟರು ನನ್ನ ಅಂಗೈ ಮೇಲೆ ಗೆರೆ ಎಳೆದು ತೋರಿಸಿದ್ದೇ ತಡ, ಅತ್ತೆ ಎದ್ದು ನಿಂತರು. "ಅಯ್ಯಯ್ಯೋ, ಅದು ಆಯುಸ್ಸಿನ ಗೆರೆ! ಅದ್ನ ಕುಯ್ದ್ಬುಟ್ರೆ ಇವಳ ಗತಿ ಏನು?"

ಡಾಕ್ಟರು ನಗಲಿಲ್ಲ. "ಅದನ್ನ ಮುಟ್ಟೋದಿಲ್ಲ ಅಮ್ಮ, ಅದರ ಪಕ್ಕದಲ್ಲೇ ಹೋಗ್ತೀನಿ," ಎಂದರು.

ಅತ್ತೆ ನನ್ನ ಅಂಗೈಯನ್ನು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿದರು. "ಜಾಗ ಸಾಲ್ದಿದ್ರೆ ಐಶ್ವರ್ಯದ ಗೆರೆ ಬೇಕಾದ್ರೆ ಕುಯ್ಕೊಳಿ. ಮೇಷ್ಟ್ರು ಎಂಡ್ತಿಗೆ ಅದು ಇದ್ರೂ ಒಂದೇ, ಇಲ್ದಿದ್ರೂ ಒಂದೇ." ಯಜಮಾನರು ಕಿಟಕಿಯ ಆಚೆ ನೋಡುತ್ತಿದ್ದರು.

ಹೊರಡುವ ಮೊದಲು ನಾನು ಡಾಕ್ಟರನ್ನು ಒಂದೇ ಮಾತು ಕೇಳಿದೆ: "ಪಾಕದ ಹದ ತಿಳಿಯುತ್ತಾ?" ಅವರಿಗೆ ಅರ್ಥವಾಗಲಿಲ್ಲ. ತೆರೇಸಮ್ಮ ವಿವರಿಸಿದಳು. ಬಹಳ ದಿನ ಅದುಮಿಟ್ಟ ನರ, ಎಷ್ಟು ವಾಪಸ್ಸು ಬರುತ್ತದೋ ಹೇಳಲಾರೆ, ಬಂದರೂ ನಿಧಾನ ಎಂದರು. ನನಗೆ ಬೇಕಾಗಿದ್ದದ್ದು ಎರಡು ಬೆರಳ ತುದಿಯಷ್ಟು ಜಾಗ ಮಾತ್ರ.

ಮರಗಟ್ಟಿದ ಕೈಯನ್ನು ಸರಿಮಾಡಲು ಮೊದಲು ಇಂಜೆಕ್ಷನ್ ಕೊಟ್ಟು ಅದನ್ನು ಪೂರ್ತಿ ಮರಗಟ್ಟಿಸಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಂತೆ. ಮುಖಕ್ಕೆ ಅಡ್ಡ ಬಟ್ಟೆ ಕಟ್ಟಿದ್ದರು, ಎಚ್ಚರವಿತ್ತು, ತೆರೇಸಮ್ಮ ತಲೆಯ ಹತ್ತಿರ ನಿಂತು ಹುಣಿಸೆಹಣ್ಣಿನ ಬೆಲೆ ಮಾತಾಡುತ್ತಿದ್ದಳು. ನಾನು ಹೂಂಗುಟ್ಟುತ್ತಿರುವಾಗಲೇ ಎಲ್ಲ ಮುಗಿದಿತ್ತು.

ಬಲಗೈಗೆ ಕಟ್ಟು, ಎಡಗೈಯಲ್ಲಿ ಉಣ್ಣಲು ಅತ್ತೆ ಬಿಡಲಿಲ್ಲ. ಮೂರು ಮಕ್ಕಳ ತಾಯಿಗೆ ತಾವೇ ಅನ್ನ ಕಲಸಿ ತುತ್ತಿಟ್ಟರು. ಬಡಬಡ ಬೈಯುತ್ತಲೇ ಇಟ್ಟರು. ಬಾಯಿ ತೆರೆದು ಕೂತಾಗ ನನಗೆ ಅವ್ವನ ನೆನಪು ಒತ್ತರಿಸಿ ಬರುತ್ತಿತ್ತು. ಕಣ್ಣಲ್ಲಿ ನೀರು ಕಂಡರೆ ಅತ್ತೆ, "ಕಾರ ಆಯ್ತಾ?" ಎಂದು ಒಂದು ತೊಟ್ಟು ತುಪ್ಪ ಬಿಡುತ್ತಿದ್ದರು.

ಕಟ್ಟು ಬಿಚ್ಚಿದ ಮೇಲೆ ದಿನಾ ಸಾಸಿವೆ ಡಬ್ಬಿಯೊಳಗೆ ಬೆರಳಾಡಿಸುವುದೇ ನನ್ನ ಪೂಜೆಯಾಯಿತು. ವಾರಗಟ್ಟಲೆ ಏನೂ ಇಲ್ಲ. ಒಂದು ಬೆಳಗ್ಗೆ ಹಿತ್ತಾಳೆ ಚೊಂಬು ತಣ್ಣಗಿದೆ ಎಂದು ಗೊತ್ತಾಯಿತು. ಆಮೇಲೊಂದು ದಿನ ಸಾಸಿವೆ ಗುಂಡಗಿದೆ ಎಂದು ಗೊತ್ತಾಯಿತು. ಒಂದು ಮಧ್ಯಾಹ್ನ ಮುದ್ದೆ ಕಟ್ಟಲು ಹೋಗಿ, "ಅಯ್ಯಪ್ಪಾ!" ಎಂದು ಕಿರುಚಿ ತಣಿಗೆಯ ಆಚೆ ಎಸೆದುಬಿಟ್ಟೆ. ಸುಟ್ಟಿತ್ತು! ಬೆರಳನ್ನು ಬಾಯಲ್ಲಿಟ್ಟುಕೊಂಡು ನಗುತ್ತ ನಿಂತೆ. ಅತ್ತೆ ನೆಲದ ಮೇಲಿನ ಮುದ್ದೆ ನೋಡಿ, "ಪಳಗಿದ್ ಕೈನ ಕೆಡಿಸ್ಬುಟ್ನಲ್ಲಪ್ಪ ಆ ಡಾಕ್ಟ್ರು!" ಎಂದು ಪೇಚಾಡಿದರು.

ದೀಪಾವಳಿ ಬಂತು. ಬೇಡಿ ಸೌಟು ತೆಗೆದುಕೊಂಡೆ. ಬೆಲ್ಲ ಕುದಿಯಿತು. ಹನಿ ಬಿಟ್ಟು ಉಂಡೆ ಮಾಡಿ ಒತ್ತಿದೆ. ಅದರ ಅಂಟು, ಅದರ ಮೆತ್ತನೆ, ಎಲ್ಲ ಬೆರಳಿಗೆ ಬಂತು. ಕಿವಿ ಹಿಡಿದೆ. ಪಾಕ ಇನ್ನೂ ಎಳಸು. "ಇನ್ನೊಂದ್ ಕುದಿ ಬರ್ಲಿ ಕಣವ್ವ," ಎಂದು ನಾನೇ ಅಂದುಕೊಂಡೆ, ಅವ್ವನ ದನಿಯಲ್ಲೇ. ಪಾಕ, ಕಿವಿ. ಪಾಕ, ಕಿವಿ. ಕೊನೆಗೆ ಎರಡೂ ಒಂದಾದವು. ಇಳಿಸಿ ಹಿಟ್ಟು ಬೆರೆಸಿ, ಕಿವಿ ಹಿಡಿದುಕೊಂಡೇ ಅಳುತ್ತ ನಿಂತುಬಿಟ್ಟೆ.

"ಕಿವಿ ಇಡ್ಕೊಂಡು ಯಾಕವ್ವ ನಿಂತಿದ್ದೀಯ? ಯಾರ್ತಾವ ತಪ್ಪಾಯ್ತು ಅಂತಿದ್ದೀಯ?" ಎಂದರು ಅತ್ತೆ, ಒಳಗೆ ಬರುತ್ತ. ಅವ್ವನ ಸುದ್ದಿಯೆಲ್ಲ ಹೇಳಿದೆ. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ ಹೇಳಿದ್ದು.

ಮಾರನೆಯ ದಿನ ಕಜ್ಜಾಯ ಒಡೆಯಲಿಲ್ಲ. ದುಂಡಗೆ, ಕೆಂಪಗೆ, ನೋಡಲು ಎರಡು ಕಣ್ಣು ಸಾಲದು. ಯಜಮಾನರು ಒಂದನ್ನು ಕಚ್ಚಿದರು. ಕಟುಂ. "ಒಂದು," ಎಂದರು.

ಅತ್ತೆ ಒಂದು ಕಜ್ಜಾಯ ಮುರಿಯಲು ಹೋಗಿ ಸೋತು ಕೆಳಗಿಟ್ಟರು. ನನ್ನ ಹತ್ತಿರ ಬಂದು, ನನ್ನ ಕಿವಿಯ ಹಾಲೆಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು, ನಿಧಾನವಾಗಿ ಒತ್ತಿ ನೋಡಿದರು. ಅವ್ವ ಹೋದ ಮೇಲೆ ಇನ್ನೊಬ್ಬರ ಬೆರಳು ಅಲ್ಲಿಗೆ ಬಂದದ್ದು ಅದೇ ಮೊದಲು. "ಬೆರಳು ಸರ್ಯಾಗೈತೆ ಕಣವ್ವ, ಡಾಕ್ಟ್ರದೂ ತಪ್ಪಿಲ್ಲ," ಎಂದರು ಮೆತ್ತಗೆ. "ನಿಮ್ಮವ್ವ ಇಡ್ದಿದ್ದು ಕೂಸಿನ ಕಿವಿ. ಇದು ಓಲೆ ಒತ್ತೂ ಒತ್ತೂ ಜಡ್ಡುಗಟ್ಟಿರೋ ಕಿವಿ. ಇದರ ಹದಕ್ಕೆ ಪಾಕ ತಗುದ್ರೆ ಕಲ್ಲಾಗದೆ ಇನ್ನೇನಾಯ್ತದೆ?"

ಯಾವ ಡಾಕ್ಟರ ಕೈಗುಣವೂ ಮುಟ್ಟದ ಜಾಗ ಅದು. ಬೆರಳು ಹಿಂದಕ್ಕೆ ಬಂದಿತ್ತು, ಕಿವಿ ಬರುವಂತಿರಲಿಲ್ಲ. ಒಲೆಯ ಪಕ್ಕದಲ್ಲಿ ಬೆಲ್ಲದ ಬೆರಳಿಗೆ ಕಿವಿಯೊಡ್ಡಿ ಕೂತಿದ್ದ ಆ ಹುಡುಗಿ ಇನ್ನೊಮ್ಮೆ ಆಗಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ, ಆ ಆಸೆಯಲ್ಲೇ ನನ್ನ ಕಿರಿಯ ಮಗಳ ಕಡೆ ತಿರುಗಿ, ಎಷ್ಟು ಸಾಧ್ಯವೋ ಅಷ್ಟು ಮುದ್ದಿನಿಂದ, "ಬಾ ಮಗಳೇ ಇಲ್ಲಿ, ನಿನ್ನ ಕಿವಿ ಕೊಡು," ಎಂದೆ. ಅವಳು ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು, "ನಾನೇನೂ ಮಾಡಿಲ್ಲಮ್ಮಾ!" ಎಂದು ಕೂಗುತ್ತ ಬೀದಿಗೆ ಓಡಿಹೋದಳು. ನನ್ನ ಕೈಗುಣ ಅಂಥದ್ದು.