ದೊಡ್ಡಪ್ಪನ ಅವಲಕ್ಕಿಗೊಂದು ತಿದ್ದುಪಡಿ

ನಾನು ಸುಳ್ಯದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಪಾಠವನ್ನು ತರಗತಿಯಲ್ಲೇ ಬಿಟ್ಟು ಬರಬೇಕು. ನಾನು ಮನೆಗೂ ತರುತ್ತೇನೆ, ಅದಕ್ಕೇ ನನ್ನ ಗತಿ ಯಾವಾಗಲೂ ಹೀಗೆ.

ಮಸೂದೆ

ನಮ್ಮ ಕುಟುಂಬದ ಮೂಲಮನೆಯಾದ ತರವಾಡು ಮನೆಯಲ್ಲಿ ದೈವಗಳಿಗೆ ವರ್ಷಕ್ಕೊಮ್ಮೆ ನಡೆಯುವ ತಂಬಿಲದ ದಿನ ಪೂಜೆ ಮುಗಿಯದೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಹೋದ ವರ್ಷ ಯಜಮಾನರಾದ ದೊಡ್ಡಪ್ಪ ಖಾಲಿ ಹೊಟ್ಟೆಗೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಕಣ್ಣು ಕತ್ತಲೆ ಬಂದು ಬಿದ್ದರು. ಈ ಕಾಯಿಲೆ ಇದ್ದವರಿಗೆ ಪೂಜೆಗೆ ಮೊದಲೇ ಖಾರದ ಸಜ್ಜಿಗೆ ಅವಲಕ್ಕಿ ಕೊಡುವ ಅಂತ ಕುಟುಂಬದ ಸಭೆಯಲ್ಲಿ ಅಂದೆ. ನಿಯಮ ಬದಲಿಸುದು ಹೇಗೆ ಅಂತ ದೊಡ್ಡಪ್ಪ ಕೇಳಿದರು.

ಸುಮ್ಮನಿರಬಹುದಿತ್ತು. ಸಂವಿಧಾನದ ಕೆಲವು ವಿಧಿಗಳನ್ನು ತಿದ್ದಲು ಸಂಸತ್ತಿನ ಬಹುಮತ ಸಾಲದು, ಅರ್ಧದಷ್ಟು ರಾಜ್ಯಗಳೂ ಒಪ್ಪಬೇಕು ಅಂತ ಬಡಾಯಿ ಬಿಟ್ಟೆ. ಎಲ್ಲರಿಗೂ ಭಾರೀ ಖುಷಿ. ಕುಟುಂಬದ ಸಭೆಯೇ ಸಂಸತ್ತಾಯಿತು, ನಾಲ್ಕು ಕವಲುಗಳು ನಾಲ್ಕು ರಾಜ್ಯಗಳಾದವು. ಸಭೆಯಲ್ಲಿ ಪಾಸಾಯಿತು. ಇನ್ನು ಎರಡು ಕವಲು ಒಪ್ಪಿದರೆ ಸಾಕಿತ್ತು.

ರಾಜ್ಯಗಳು

ಗುಂಡ್ಯ ಕವಲಿನ, ಅಲ್ಲೇ ಹೋಟೆಲು ಇಟ್ಟ ದಾಯಾದಿ ತಮ್ಮ ಫೋನಿನಲ್ಲೇ ಒಪ್ಪಿದ. ಯಾವುದಕ್ಕೆ ಅಂತ ಕೇಳಲಿಲ್ಲ, ಗಿರಾಕಿ ಇದ್ದರಂತೆ.

ಮಂಡೆಕೋಲಿನ ಚಿಕ್ಕಪ್ಪ ಅವಲಕ್ಕಿಯ ಜೊತೆ ಬಾಳೆಹಣ್ಣೂ ಬೇಕು ಅಂದರು. ರಾಜ್ಯಗಳು ಒಪ್ಪಬಹುದು ಇಲ್ಲ ಬಿಡಬಹುದು, ಬಾಳೆಹಣ್ಣು ಸೇರಿಸಲಿಕ್ಕೆ ಇಲ್ಲ ಅಂತ ವಾರಗಟ್ಟಲೆ ವಾದಿಸಿದೆ.

ಆಲಂಕಾರಿನ ದಾಯಾದಿ ಅಣ್ಣನದ್ದು ಸುದ್ದಿಯೇ ಇಲ್ಲ. ಹೋಗಿ ಕೇಳಿದರೆ, ಒಪ್ಪಲಿಕ್ಕೆ ಗಡುವು ಉಂಟಾ ಅಂದ. ಸಂವಿಧಾನದಲ್ಲಿ ಹಾಗೇನೂ ಇಲ್ಲ ಅಂದೆ.

"ಮತ್ತೆ ನಿಂಗೆಂತ ಅರ್ಜೆಂಟು ಮಾರಾಯ?"

ಉಳಿದದ್ದು ಪುತ್ತೂರು, ಅಂದರೆ ನಮ್ಮದೇ ಕವಲು. ಅದು ನನ್ನ ಮನೆಯಲ್ಲೇ ಬಿದ್ದುಹೋಯಿತು. ನಸುಕಿಗೆ ಎದ್ದು ಸಜ್ಜಿಗೆ ಮಾಡುದು ಯಾರು ಅಂತ ಹೆಂಡತಿ ಕೇಳಿದಳು.

ಕೊನೆಗೆ ಚಿಕ್ಕಪ್ಪ ಬಾಳೆಹಣ್ಣಿನ ಆಸೆ ಬಿಟ್ಟರು. ಎರಡು ಕವಲು ಆಯಿತು, ತಿದ್ದುಪಡಿ ಗೆದ್ದಿತು.

ಜಾರಿ

ತಂಬಿಲದ ಬೆಳಿಗ್ಗೆ ನೋಡಿದರೆ ಇಡೀ ಕುಟುಂಬಕ್ಕೆ ಸಕ್ಕರೆ ಕಾಯಿಲೆ! ಮೊನ್ನೆ ಮೊನ್ನೆ ಮದುವೆಯಾದವರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಆಲಂಕಾರಿನ ಅಣ್ಣ. ನೀನು ಒಪ್ಪಲೇ ಇಲ್ಲವಲ್ಲ ಅಂದೆ.

"ಒಪ್ಪದ ರಾಜ್ಯಕ್ಕೂ ತಿದ್ದುಪಡಿ ಅನ್ವಯ ಆಗ್ತದಲ್ವಾ ಮೇಷ್ಟ್ರೇ?" ಅಂದ.

ಆಗ್ತದೆ.

ದೈವದ ಕೋಣೆಯಲ್ಲಿ ತಯಾರಿ ಮುಗಿಸಿ ದೊಡ್ಡಪ್ಪ ಗುಳಿಗೆ ಕೈಯಲ್ಲಿ ಹಿಡಿದು ಬಂದಾಗ ಪಾತ್ರೆಯ ತಳ ಕಾಣುತ್ತಿತ್ತು. ಅವರು ಗುಳಿಗೆಯನ್ನು ಮೆಲ್ಲ ಕಿಸೆಗೆ ಹಾಕಿದರು.

"ಕಾನೂನು ಒಳ್ಳೇದುಂಟು ಮಾರಾಯ," ಅಂದರು. "ಬರುವ ವರ್ಷ ನಂಗೊಂದು ಬುತ್ತಿ ತಾ."